ಸ್ಟೆನೋ ಯಂತ್ರ ಮತ್ತು ನನ್ನ ಬಲಗೈ ಕಿರುಬೆರಳು

ಅಮೆರಿಕದಲ್ಲಿ ಕೋರ್ಟ್ ರಿಪೋರ್ಟಿಂಗ್, ಅಂದರೆ ನ್ಯಾಯಾಲಯದಲ್ಲಿ ಆಡಿದ ಮಾತನ್ನೆಲ್ಲ ಸ್ಟೆನೋ ಎಂಬ ಶೀಘ್ರಲಿಪಿ ಯಂತ್ರದಲ್ಲಿ ಪದಪದವಾಗಿ ದಾಖಲಿಸುವ ಕೆಲಸ, ಕಲಿಯಲು ಹೊರಟಾಗ ನನಗಿದ್ದ ಬಂಡವಾಳ ಮೈಸೂರಿನಲ್ಲಿ ಕಲಿತಿದ್ದ ಪಿಟ್‌ಮನ್ ಶೀಘ್ರಲಿಪಿ. ಅದು ಅಷ್ಟಾಗಿ ಉಪಯೋಗಕ್ಕೆ ಬರಲಿಲ್ಲ. ಪಿಟ್‌ಮನ್‌ನಲ್ಲಿ ವ್ಯಂಜನಗಳ ಗೆರೆ ಎಳೆಯುತ್ತೇವೆ, ವೇಗ ಬಂದ ಮೇಲೆ ಸ್ವರದ ಚುಕ್ಕೆಗಳನ್ನು ಕೈಬಿಡುತ್ತೇವೆ, ಆಮೇಲೆ ಸಂದರ್ಭ ನೋಡಿ ಓದಿಕೊಳ್ಳುತ್ತೇವೆ. ಸ್ಟೆನೋ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರ್ ಹಾಗಲ್ಲ. ನಾವು ಒತ್ತಿದ್ದನ್ನು ತನ್ನ ನಿಘಂಟಿನಲ್ಲಿ ಹುಡುಕುತ್ತದೆ. ಸಿಕ್ಕರೆ ಇಂಗ್ಲಿಷ್ ಪದ, ಸಿಗದಿದ್ದರೆ ಒತ್ತಿದ ಅಕ್ಷರಗಳನ್ನೇ ಪರದೆಯ ಮೇಲೆ ಸುರಿಯುತ್ತದೆ.

ಯಂತ್ರದಲ್ಲಿರುವುದು 22 ಕೀಲಿಗಳು, ಮೇಲೆ ಅಂಕಿಗಳಿಗೊಂದು ಪಟ್ಟಿ. ಉಚ್ಚಾರದ ಆರಂಭದ ವ್ಯಂಜನ ಎಡಗೈಗೆ, ಸ್ವರ ಹೆಬ್ಬೆರಳುಗಳಿಗೆ, ಕೊನೆಯ ವ್ಯಂಜನ ಬಲಗೈಗೆ. ಒಂದೊಂದಾಗಿ ಕುಟ್ಟುವಂತಿಲ್ಲ, ಬೇಕಾದ ಕೀಲಿಗಳನ್ನೆಲ್ಲ ಒಟ್ಟಿಗೆ ಒತ್ತಿ ಒಟ್ಟಿಗೆ ಬಿಡಬೇಕು. ಎಡಗೈಯ ಕೆ, ಹೆಬ್ಬೆರಳಿನ ಎ, ಬಲಗೈಯ ಟಿ ಸೇರಿದರೆ ಒಂದೇ ಹೊಡೆತದಲ್ಲಿ ‘ಕ್ಯಾಟ್’. ಎಡಗಡೆಯಲ್ಲಿ ಡಿ ಎಂಬ ಕೀಲಿಯೇ ಇಲ್ಲ, ಟಿ ಮತ್ತು ಕೆ ಕೂಡಿಸಿ ಡಿ ಮಾಡಿಕೊಳ್ಳಬೇಕು. ಪಿ ಮತ್ತು ಡಬ್ಲ್ಯೂ ಕೂಡಿದರೆ ಬಿ, ಎಚ್ ಮತ್ತು ಆರ್ ಕೂಡಿದರೆ ಎಲ್. ಹೊಸಬರು ಹೆದರುವುದು ಇದಕ್ಕೇ. ಕಾಗುಣಿತ ಬಾಯಿಪಾಠ ಮಾಡಿ ಬೆಳೆದ ನಮಗೆ ಇದೇನೂ ದೊಡ್ಡದಲ್ಲ.

ಕಷ್ಟವಿದ್ದದ್ದು ಪದದ ಬಾಲದಲ್ಲಿ. ಕನ್ನಡದ ಮಾತು ಸ್ವರದಲ್ಲಿ ಮುಗಿಯುತ್ತದೆ. ಇಂಗ್ಲಿಷಿನಿಂದ ತಂದ ಪದಕ್ಕೂ ನಾವು ಬಾಲ ಕಟ್ಟುತ್ತೇವೆ: ಕೋರ್ಟು, ಬೆಂಚು, ಬಸ್ಸು. ಇಂಗ್ಲಿಷ್ ಸಾಕ್ಷ್ಯದಲ್ಲಾದರೋ ತಿರುಳು ಕೊನೆಯ ವ್ಯಂಜನದಲ್ಲೇ ಅಡಗಿರುತ್ತದೆ. ‘ಸೈನ್’ ಮತ್ತು ‘ಸೈನ್ಡ್’, ‘ಆಸ್ಕ್’ ಮತ್ತು ‘ಆಸ್ಕ್ಡ್’, ‘ಕ್ಯಾನ್’ ಮತ್ತು ‘ಕಾಂಟ್’. ಕಾಗದಕ್ಕೆ ಸಹಿ ಹಾಕುವುದುಂಟು ಎಂಬುದಕ್ಕೂ ಹಾಕಿದ್ದಾಯಿತು ಎಂಬುದಕ್ಕೂ ನಡುವೆ ಒಂದು ಡಿ ಇದೆ. ಸಾಲದ್ದಕ್ಕೆ ಈ ಬಾಲಗಳನ್ನು ಹೊತ್ತ ಟಿ, ಎಸ್, ಡಿ, ಝಡ್ ನಾಲ್ಕೂ ಬಲಗೈ ಕಿರುಬೆರಳಿನ ಪಾಲಿಗೆ ಬಂದಿವೆ. ಕಿವಿ ಕೇಳದ ಧ್ವನಿಯನ್ನು ಅತಿ ದುರ್ಬಲ ಬೆರಳು ಒತ್ತಬೇಕು!

‘ಕಾಂಟ್’ ವಿಷಯದಲ್ಲಿ ನನಗೆ ದಾರಿ ತೋರಿಸಿದವರು ನಮ್ಮ ಶಿಕ್ಷಕಿ. ಅಮೆರಿಕನ್ನರು ಮಾತಿನ ಓಟದಲ್ಲಿ ಆ ಟಿಯನ್ನು ಬಹುಪಾಲು ನುಂಗುತ್ತಾರೆ, ಅದಕ್ಕಾಗಿ ಕಾದರೆ ಕೇಳಿಸುವುದೇ ಇಲ್ಲ. ಕೇಳಬೇಕಾದದ್ದು ಸ್ವರವನ್ನು. ವಾಕ್ಯದ ನಡುವಿನ ‘ಕ್ಯಾನ್’ ಬರಿಯ ‘ಕನ್’ ಆಗಿ ಸಣ್ಣಗೆ ಜಾರುತ್ತದೆ, ‘ಕಾಂಟ್’ನಲ್ಲಿ ಸ್ವರ ಪೂರ್ತಿ ತೆರೆದು ಒತ್ತಿನೊಡನೆ ಬರುತ್ತದೆ. ಇದು ತಿಳಿದ ಮೇಲೆ ಧ್ವನಿಮುದ್ರಿತ ಹೇಳಿಕೆಗಳನ್ನು ಯಂತ್ರ ಮುಟ್ಟದೆ, ಕಣ್ಣು ಮುಚ್ಚಿಕೊಂಡು ಕೇಳಲು ತೊಡಗಿದೆ. ಆಮೇಲೆ ಜೋಡಿ ಪದಗಳನ್ನು ಮೆಟ್ರೊನೋಮಿನ (ಟಿಕ್ ಟಿಕ್ ಎಂದು ತಾಳ ಹಾಕುವ ಸಾಧನ) ನಿಧಾನ ಗತಿಗೆ ಹೊಡೆಯುತ್ತಿದ್ದೆ. ‘ವಾಕ್ಡ್’ ಎಂಬಲ್ಲಿ ಕಿವಿಗೆ ಟಿ ಕೇಳಿದರೂ ಭೂತಕಾಲವಾದ್ದರಿಂದ ಕೈ ಡಿಗೆ ಹೋಗಬೇಕು. ಅದು ಯೋಚಿಸದೆ ಹೋಗುವಷ್ಟಾದ ಮೇಲೆಯೇ ವೇಗದ ಮಾತು.

ವೇಗದ ಗುರಿ ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ನ್ಯಾಷನಲ್ ಕೋರ್ಟ್ ರಿಪೋರ್ಟರ್ಸ್ ಅಸೋಸಿಯೇಷನ್ ನಡೆಸುವ ಆರ್‌ಪಿಆರ್ (ರಿಜಿಸ್ಟರ್ಡ್ ಪ್ರೊಫೆಷನಲ್ ರಿಪೋರ್ಟರ್) ಪರೀಕ್ಷೆಯಲ್ಲಿ ಸಾಮಾನ್ಯ ಗದ್ಯ ನಿಮಿಷಕ್ಕೆ 180 ಪದ, ಜ್ಯೂರಿಗೆ ನ್ಯಾಯಾಧೀಶರು ಕೊಡುವ ಸೂಚನೆ 200, ಪ್ರಶ್ನೋತ್ತರ 225. ತಲಾ ಐದು ನಿಮಿಷ, ನಿಖರತೆ ಶೇ. 95. ಬರುತ್ತಿರುವ ವೇಗದಲ್ಲೇ ಅಭ್ಯಾಸ ಮಾಡುತ್ತ ಕುಳಿತರೆ ಅಲ್ಲಿಯೇ ಬೇರು ಬಿಡುತ್ತೇವೆ. ನಾನು ಅದಕ್ಕಿಂತ 20 ಪದ ಹೆಚ್ಚಿನ ವೇಗದಲ್ಲಿ ಒಂದೊಂದು ನಿಮಿಷದ ತುಣುಕುಗಳನ್ನು ಹೊಡೆದು, ಆಮೇಲೆ ಹಳೆಯ ವೇಗಕ್ಕೆ ಇಳಿಯುತ್ತಿದ್ದೆ. ತಪ್ಪಿದ ಪದವನ್ನು ಅಲ್ಲಿಯೇ ಬಿಟ್ಟು ಮುಂದಕ್ಕೆ ಹೋಗುವುದು ಅಭ್ಯಾಸದಲ್ಲಿ ಸರಿ. ಕೋರ್ಟಿನಲ್ಲಿ ಬಿಡುವಂತಿಲ್ಲ, ಕೈ ಎತ್ತಿ, ಇನ್ನೊಮ್ಮೆ ಹೇಳಿ ಎಂದು ವಕೀಲರನ್ನೇ ನಿಲ್ಲಿಸಬೇಕು. ನಮ್ಮ ಕಡೆಯ ಸಂಕೋಚ ಇಲ್ಲಿ ಕೆಲಸಕ್ಕೆ ಬಾರದು.

ಸಂಕ್ಷೇಪಗಳ ಬಗ್ಗೆ ನನಗೆ ಸ್ವಲ್ಪ ಜಿಪುಣತನವಿದೆ. ‘ಲೇಡೀಸ್ ಅಂಡ್ ಜೆಂಟಲ್‌ಮೆನ್ ಆಫ್ ದ ಜ್ಯೂರಿ’ ಎಂಬಷ್ಟುದ್ದದ ಮಾತನ್ನು ಒಂದೇ ಹೊಡೆತಕ್ಕೆ ಇಳಿಸಬಹುದು, ಇಳಿಸಲೇಬೇಕು. ಆದರೆ ಸಹಪಾಠಿಗಳು ಪ್ರತಿ ಪದಕ್ಕೂ ಒಂದು ಸಂಕ್ಷೇಪ ಕೂಡಿಹಾಕುತ್ತಿದ್ದರು. ಅದನ್ನು ನೆನಪಿಸಿಕೊಳ್ಳಲು ತಲೆ ತಡವರಿಸುವಷ್ಟರಲ್ಲಿ ಸಾಕ್ಷಿ ಮುಂದಿನ ವಾಕ್ಯದಲ್ಲಿರುತ್ತಾನೆ. ಎರಡು ಹೊಡೆತದಲ್ಲಿ ಸಲೀಸಾಗಿ ಬರುವುದನ್ನು ನಾನು ಎರಡರಲ್ಲೇ ಬರೆಯುತ್ತೇನೆ.

ಊರಿನ ವಕೀಲ ಗೆಳೆಯರು ಕೇಳುತ್ತಾರೆ: ಇಷ್ಟೆಲ್ಲ ಏಕೆ? ನಮ್ಮ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷಿಯ ಮಾತು ಸಾಮಾನ್ಯವಾಗಿ ನಿರೂಪಣೆಯಾಗಿ, ನ್ಯಾಯಾಧೀಶರು ಹೇಳಿ ಬರೆಸಿದಂತೆ ದಾಖಲಾಗುತ್ತದೆ. ಇಲ್ಲಿ ಅಮೆರಿಕದಲ್ಲಿ ಆಡಿದ್ದು ಆಡಿದಂತೆ, ಪ್ರಶ್ನೆಗೆ ಪ್ರಶ್ನೆ, ಉತ್ತರಕ್ಕೆ ಉತ್ತರ. ಎಡಗೈಯ ಏಳೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪ್ರಶ್ನೆ ಶುರು. ಬಲಗೈಯ ಮೊದಲ ಎಂಟನ್ನು ಒತ್ತಿದರೆ ಉತ್ತರ. ಸಾಕ್ಷಿ ತಲೆಯಾಡಿಸಿದರೆ ಸಾಲದು, ಬಾಯಿಬಿಟ್ಟು ಹೇಳಬೇಕು. ಭಾರತೀಯ ಸಾಕ್ಷಿಗಳು ಕತ್ತನ್ನು ಓಲಾಡಿಸಿದಾಗ ವಕೀಲರು ಕಕ್ಕಾಬಿಕ್ಕಿಯಾಗಿ ನನ್ನತ್ತ ನೋಡುತ್ತಾರೆ. ಅರ್ಥ ಗೊತ್ತಿದ್ದರೂ ನಾನು ಬಾಯಿ ಬಿಡುವಂತಿಲ್ಲ.

ಕುತೂಹಲವಿರುವವರು ಸಾವಿರಾರು ಡಾಲರಿನ ಯಂತ್ರಕ್ಕೆ ಕೈಹಾಕುವುದು ಬೇಡ. ಮಿರಾಬೈ ನೈಟ್ ಎಂಬ ಸ್ಟೆನೋಗ್ರಾಫರ್ ಆರಂಭಿಸಿದ ಪ್ಲೋವರ್ ಎಂಬ ಉಚಿತ ತಂತ್ರಾಂಶವಿದೆ, ಬೆಂಗಳೂರಿನಲ್ಲಿ ಕುಳಿತೇ ಕಲಿಯಬಹುದು. ಕೀಲಿಮಣೆ ಮಾತ್ರ ನೋಡಿ ಕೊಳ್ಳಿ: ಹಲವು ಕೀಲಿಗಳನ್ನು ಒಮ್ಮೆಗೇ ಒತ್ತಿದರೆ ಸಾಧಾರಣ ಕೀಲಿಮಣೆಗಳು ಕೆಲವನ್ನು ನುಂಗಿಬಿಡುತ್ತವೆ. ಎನ್-ಕೀ ರೋಲ್‌ಓವರ್ (ಒಟ್ಟಿಗೆ ಎಷ್ಟು ಕೀಲಿ ಒತ್ತಿದರೂ ಎಲ್ಲವನ್ನೂ ಗುರುತಿಸುವ ಗುಣ) ಇರುವುದನ್ನು ಕೇಳಿ ಪಡೆಯಬೇಕು. ಅಲ್ಲಿಯೂ ಟಿ, ಎಸ್, ಡಿ, ಝಡ್ ಬರುವುದು ಕಿರುಬೆರಳಿನ ಕೆಳಗೇ, ಪಿ ಅಕ್ಷರ, ಸೆಮಿಕೋಲನ್ ಮತ್ತು ಅವುಗಳ ಬಲಪಕ್ಕದ ಎರಡು ಕೀಲಿಗಳ ಮೇಲೆ.