ಟಿವಿ ಸುದ್ದಿ ನೋಡಿ ಮೈ ಉರಿದರೆ: ಬ್ರಿಟನ್ನಿಗೆ ಹೊರಟ ದಾವಣಗೆರೆ, ದುರ್ಗದವರಿಗೆ

ದಾವಣಗೆರೆ, ಚಿತ್ರದುರ್ಗದಿಂದ ಬ್ರಿಟನ್ನಿಗೆ ಹೊರಟವರು ನಾನು ಊರಿಗೆ ಬಂದಾಗ ಕೇಳುವುದು ಹೆಚ್ಚುಕಡಿಮೆ ಒಂದೇ ಥರದ ಪ್ರಶ್ನೆಗಳು. ರೂಮು, ಬ್ಯಾಂಕ್ ಖಾತೆ, ಜಾಕೆಟ್ಟು, ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕೂಗುತ್ತಾ ಅಂತ. (ಕೂಗುತ್ತದೆ. ಕಿಟಕಿ ತೆಗೆದಿಟ್ಟುಕೊಳ್ಳಿ.) ಅಲ್ಲಿ ಹೋಗಿ ಕೆಲವು ತಿಂಗಳಾದ ಮೇಲೆ ಬರುವ ಫೋನು ಬೇರೆ. ಎಲ್ಲೋ ಯುದ್ಧ ಶುರುವಾಗಿರುತ್ತದೆ, ಇಲ್ಲವೇ ದಾಳಿ ನಡೆದಿರುತ್ತದೆ. ಟಿವಿಯವರು ಅದನ್ನು ಹೇಳಿದ ರೀತಿ ನೋಡಿ ಸಿಟ್ಟು ನೆತ್ತಿಗೇರಿರುತ್ತದೆ. "ಇದು ಪಕ್ಷಪಾತ ಅಲ್ವಾ? ಯಾರಿಗೆ ದೂರು ಕೊಡೋದು?"

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನ ಸತ್ತರು. ನಮ್ಮ ಪಕ್ಕದ ಶಿವಮೊಗ್ಗದವರೂ ಅದರಲ್ಲಿ ಇದ್ದರು. ಆಗ ಇಂಥ ಫೋನು ಜಾಸ್ತಿ ಬಂದವು. ದಾಳಿ ಮಾಡಿದವರನ್ನು ಬಿಬಿಸಿ ಭಯೋತ್ಪಾದಕರು ಅನ್ನಲಿಲ್ಲ, ಮಿಲಿಟೆಂಟ್ ಅಂದಿತು ಅನ್ನುವುದೇ ಎಲ್ಲರ ತಕರಾರು. ಭಾರತ ಸರ್ಕಾರವೂ ಇದೇ ವಿಚಾರಕ್ಕೆ ಬಿಬಿಸಿಗೆ ಪತ್ರ ಬರೆದಿತ್ತು.

ಈ ದೂರನ್ನು ಮೊದಲು ಹೇಳಲು ಕಾರಣ ಇದೆ. ಇದು ಗೆಲ್ಲುವ ದೂರಲ್ಲ. ಟೆರರಿಸ್ಟ್ ಅನ್ನುವುದನ್ನು ತಾವಾಗಿ ಹೇಳಬಾರದು, ಬೇರೆ ಯಾರಾದರೂ ಹೇಳಿದರೆ ಅವರ ಹೆಸರಲ್ಲಿ ಹೇಳಬೇಕು ಎಂದು ಬಿಬಿಸಿಯ ಸಂಪಾದಕೀಯ ನಿಯಮದಲ್ಲೇ ಇದೆ. 2023ರ ಅಕ್ಟೋಬರ್‌ನಲ್ಲಿ ಹಮಾಸ್ ವಿಚಾರದಲ್ಲಿ ಬ್ರಿಟನ್ನಿನ ಮಂತ್ರಿಗಳೇ ಒತ್ತಾಯ ಮಾಡಿದರೂ ಅವರು ಆ ನಿಯಮ ಬಿಡಲಿಲ್ಲ. ನಿಯಮ ಸರಿಯೋ ತಪ್ಪೋ, ಅದು ಬೇರೆ ಜಗಳ. ನನಗೂ ಅದು ಒಪ್ಪಿಗೆ ಇಲ್ಲ. ಆದರೆ ಅವರದೇ ನಿಯಮ ಪಾಲಿಸಿದ್ದಕ್ಕೆ ದೂರು ಕೊಟ್ಟರೆ ಸಿಗುವುದು ಮೊದಲೇ ಬರೆದಿಟ್ಟ ಉತ್ತರ.

ಗೆಲ್ಲುವುದು ಎಂಥ ದೂರು ಅಂದರೆ, ಒಂದು ಕಾರ್ಯಕ್ರಮ, ಒಂದು ಮಾತು, ಅದು ಮುರಿದ ಒಂದು ನಿಯಮ. ಅದೇ 2023ರ ಅಕ್ಟೋಬರ್‌ನದೇ ಎರಡು ಪ್ರಸಂಗ ನೋಡಿ. ಪ್ಯಾಲೆಸ್ತೀನ್ ಪರ ಮೆರವಣಿಗೆಗಳಲ್ಲಿ ಜನ ಹಮಾಸ್‌ಗೆ ಬೆಂಬಲ ಹೇಳಿದರು ಎಂಬ ಅರ್ಥ ಬರುವ ಸಾಲೊಂದು ಬಿಬಿಸಿ ಸುದ್ದಿಯಲ್ಲಿ ಬಂತು. ಅದು ದಾರಿ ತಪ್ಪಿಸುವ ವಿವರಣೆ ಎಂದು ಅವರೇ ತೆರೆಯ ಮೇಲೆ ಒಪ್ಪಿಕೊಂಡರು. ಮರುದಿನ, ಅಂದರೆ 17ರಂದು, ಗಾಜಾದ ಅಲ್ ಅಹ್ಲಿ ಆಸ್ಪತ್ರೆಯಲ್ಲಿ ಸ್ಫೋಟ ಆಯಿತು. ಇದು ಇಸ್ರೇಲ್ ದಾಳಿಯೇ ಇರಬೇಕು ಎಂಬಂತೆ ಬಿಬಿಸಿ ವರದಿಗಾರರೊಬ್ಬರು ನೇರಪ್ರಸಾರದಲ್ಲಿ ಊಹೆ ಮಾಡಿದರು. ಹಾಗೆ ಊಹಿಸಿದ್ದು ತಪ್ಪು ಎಂದು ಸಂಸ್ಥೆ ಒಪ್ಪಿತು. ಒಂದು ಈ ಕಡೆಯವರ ಸಿಟ್ಟು, ಇನ್ನೊಂದು ಆ ಕಡೆಯವರದು. ಎರಡರಲ್ಲೂ ಕೈಗೆ ಸಿಕ್ಕಿದ್ದು ಒಂದೊಂದು ಸಾಲು ಅಷ್ಟೇ. 2021ರ ಜನವರಿಯಲ್ಲಿ ಕಾಶ್ಮೀರ ಇಲ್ಲದ ಭಾರತದ ನಕ್ಷೆ ಹಾಕಿದ್ದಕ್ಕೂ ಬಿಬಿಸಿ ಕ್ಷಮೆ ಕೇಳಿ ನಕ್ಷೆ ಬದಲಿಸಿತು. ನಕ್ಷೆ ತಪ್ಪು ಅಂದರೆ ತಪ್ಪು. ವಾದ ಬೆಳೆಸಲು ಅಲ್ಲಿ ಏನೂ ಉಳಿಯುವುದಿಲ್ಲ.

ಹಾಗಾಗಿ "ನೀವು ಯಾವಾಗಲೂ ಭಾರತದ ವಿರೋಧಿಗಳು" ಅಂತ ಶುರು ಮಾಡಬೇಡಿ. ಹೈಸ್ಕೂಲ್ ಮೈದಾನದ ಹತ್ತಿರ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಆ ಮಾತು ಆಡಬಹುದು, ಚೆನ್ನಾಗಿಯೂ ಇರುತ್ತದೆ. ದೂರಿನಲ್ಲಿ ಅದಕ್ಕೆ ತೂಕ ಇಲ್ಲ. ಹೀಗೆ ಬರೆಯಿರಿ: "ಇಂಥ ದಿನ ರಾತ್ರಿ ಹತ್ತರ ಸುದ್ದಿಯಲ್ಲಿ, ಶುರುವಾದ ನಾಲ್ಕನೇ ನಿಮಿಷಕ್ಕೆ, ವರದಿಗಾರರು ಹೀಗೆ ಹೇಳಿದರು. ಇದು ಒಂದು ಸರ್ಕಾರದ ಹೇಳಿಕೆ. ಅದನ್ನು ಖಚಿತ ಸಂಗತಿ ಎಂಬಂತೆ ಹೇಳಲಾಗಿದೆ. ಇನ್ನೊಂದು ಸರ್ಕಾರ ಇದನ್ನು ಅದೇ ಮಧ್ಯಾಹ್ನ ನಿರಾಕರಿಸಿತ್ತು, ಆ ಮಾತು ವರದಿಯಲ್ಲಿ ಇಲ್ಲ." ಸಾಕು. ಒಂದು ಪುಟ ದಾಟಬಾರದು. ಹತ್ತು ತಪ್ಪು ಪಟ್ಟಿ ಮಾಡಿದರೆ ಅದರಲ್ಲಿ ಸೊರಗಿದ ಒಂದನ್ನು ಹಿಡಿದು ಉತ್ತರ ಬರೆದು ಕೈ ತೊಳೆದುಕೊಳ್ಳುತ್ತಾರೆ.

ಸಾಕ್ಷಿ ಮೊದಲು ಎತ್ತಿಟ್ಟುಕೊಳ್ಳಿ. ಸುದ್ದಿ ಬುಲೆಟಿನ್ನುಗಳು ಬಿಬಿಸಿ ಕಾರ್ಯಕ್ರಮಗಳನ್ನು ಆನ್‌ಲೈನಿನಲ್ಲಿ ನೋಡುವ ತಾಣ ಐಪ್ಲೇಯರ್‌ನಲ್ಲಿ ಜಾಸ್ತಿ ದಿನ ಇರುವುದಿಲ್ಲ. ವೆಬ್‌ಸೈಟಿನ ತಲೆಬರಹ ಗಂಟೆಯೊಳಗೆ ಬದಲಾಗಬಹುದು. ಸ್ಕ್ರೀನ್‌ಶಾಟ್ ತೆಗೆಯಿರಿ, ಹೊತ್ತು ಬರೆದುಕೊಳ್ಳಿ. ಅಂದ ಹಾಗೆ, ಐಪ್ಲೇಯರ್ ನೋಡಲು ಟಿವಿ ಲೈಸೆನ್ಸ್ ಬೇಕು. ಯಾವ ಚಾನೆಲ್ಲನ್ನಾದರೂ ಲೈವ್ ನೋಡಲೂ ಬೇಕು, ಅದು ಲ್ಯಾಪ್‌ಟಾಪಿನಲ್ಲಿ ಬರುವ ಕನ್ನಡ ಚಾನೆಲ್ ಆದರೂ ಸರಿ. 2025ರ ಏಪ್ರಿಲ್‌ನಲ್ಲಿ ಅದರ ಶುಲ್ಕ ವರ್ಷಕ್ಕೆ 174.50 ಪೌಂಡ್ ಆಯಿತು. ಹೊಸಬರು ಇದನ್ನು ತಿಳಿಯದೆ ಸಿಕ್ಕಿಬೀಳುತ್ತಾರೆ.

ಈಗ ಯಾರಿಗೆ ಕೊಡಬೇಕು ಅನ್ನುವುದು. ಬಿಬಿಸಿ ಆದರೆ ಮೊದಲು ಬಿಬಿಸಿಗೇ ಕೊಡಬೇಕು. ಪ್ರಸಾರವಾದ 30 ಕೆಲಸದ ದಿನಗಳೊಳಗೆ. ಶನಿವಾರ, ಭಾನುವಾರ, ಸರ್ಕಾರಿ ರಜೆ ಲೆಕ್ಕಕ್ಕಿಲ್ಲ. ಅವರ ಸೈಟಿನಲ್ಲಿ ಫಾರಂ ಇದೆ. ಮೊದಲ ಉತ್ತರ ಬಹಳ ಸಲ ಸಪ್ಪೆಯಾಗಿರುತ್ತದೆ, ಬೇಜಾರಾಗಬೇಡಿ. ಒಪ್ಪಿಗೆ ಆಗದಿದ್ದರೆ 20 ಕೆಲಸದ ದಿನಗಳೊಳಗೆ ಮತ್ತೆ ಬರೆಯಿರಿ. ಈ ಸಲ ಹಳೆಯ ದೂರನ್ನೇ ದೊಡ್ಡ ದನಿಯಲ್ಲಿ ಹೇಳುವುದಲ್ಲ, ಅವರ ಉತ್ತರ ಎಲ್ಲಿ ಜಾರಿಕೊಂಡಿತು ಅಂತ ತೋರಿಸಬೇಕು. ಅದಕ್ಕೂ ಸಮಾಧಾನ ಆಗದಿದ್ದರೆ ಎಕ್ಸಿಕ್ಯುಟಿವ್ ಕಂಪ್ಲೇಂಟ್ಸ್ ಯೂನಿಟ್ ಇದೆ. ಅದೂ ಬಿಬಿಸಿಯೊಳಗಿನದೇ, ಆದರೆ ಸುದ್ದಿ ಮಾಡಿದವರ ಕೈಯಿಂದ ಹೊರಗಿನದು. ದೂರು ಸರಿ ಅನ್ನಿಸಿದರೆ ತೀರ್ಮಾನವನ್ನು ದೂರು ಕೊಟ್ಟವರ ಹೆಸರು ಹಾಕದೆ ಪ್ರಕಟಿಸುತ್ತಾರೆ. ಕೊನೆಗೆ ಆಫ್‌ಕಾಮ್, ಅಂದರೆ ಬ್ರಿಟನ್ನಿನ ಟಿವಿ, ರೇಡಿಯೋ ಮೇಲೆ ಕಣ್ಣಿಡುವ ನಿಯಂತ್ರಣ ಸಂಸ್ಥೆ. 2017ರ ಏಪ್ರಿಲ್‌ನಿಂದ ಬಿಬಿಸಿಯ ಮೇಲೂ ಅದರ ಕಣ್ಣಿದೆ. ಆದರೆ ಬಿಬಿಸಿ ವೆಬ್‌ಸೈಟಿನ ಬರಹದ ಬಗ್ಗೆ ಅದು ಅಭಿಪ್ರಾಯ ಹೇಳಬಹುದು ಅಷ್ಟೇ. ಬಿಬಿಸಿ ಹೊರದೇಶದವರಿಗಾಗಿ ನಡೆಸುವ ವರ್ಲ್ಡ್ ಸರ್ವಿಸ್ ಅದರ ಕೈಗೆ ಸಿಗುವುದೇ ಇಲ್ಲ.

ಸ್ಕೈ, ಐಟಿವಿ, ಚಾನೆಲ್ 4 ಆದರೆ ನೇರವಾಗಿ ಆಫ್‌ಕಾಮ್‌ಗೆ ಹೋಗಬಹುದು, 20 ಕೆಲಸದ ದಿನಗಳೊಳಗೆ. ಆಫ್‌ಕಾಮ್‌ನ ಪ್ರಸಾರ ಸಂಹಿತೆಯ ಐದನೇ ಭಾಗ ಓದಿ, ಸಣ್ಣದೇ. ಅಲ್ಲಿ ಕೇಳುವುದು ತಕ್ಕಷ್ಟು ನಿಷ್ಪಕ್ಷಪಾತ. ಎರಡೂ ಕಡೆಗೆ ಗಡಿಯಾರ ಹಿಡಿದು ಸಮ ಸಮ ನಿಮಿಷ ಕೊಡಬೇಕು ಎಂದಲ್ಲ. ನಮ್ಮವರ ದೂರು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ: "ಅವರಿಗೆ ಐದು ನಿಮಿಷ, ನಮಗೆ ಎರಡೇ." ಪತ್ರಿಕೆಗಳಿಗಂತೂ ಈ ನಿಯಮವೇ ಇಲ್ಲ. ಅವು ಬಹಿರಂಗವಾಗಿ ಒಂದು ಪಕ್ಷ ಹಿಡಿಯಬಹುದು. ತಪ್ಪು ಮಾಹಿತಿ ಕೊಟ್ಟರೆ ಮಾತ್ರ ಬೇರೆ ದಾರಿ.

ಆಫ್‌ಕಾಮ್ ಹಲ್ಲಿಲ್ಲದ ಹಾವು ಅಂತ ತಿಳಿಯಬೇಡಿ. ಉಕ್ರೇನ್ ಯುದ್ಧದ ಸುದ್ದಿ ಬಗ್ಗೆ 29 ತನಿಖೆ ನಡೆಯುತ್ತಿದ್ದಾಗಲೇ, 2022ರ ಮಾರ್ಚ್ 18ರಂದು, ರಷ್ಯಾದ ಆರ್‌ಟಿ ಚಾನೆಲ್ಲಿನ ಲೈಸೆನ್ಸ್ ಕಿತ್ತುಕೊಂಡಿತು. ಇನ್ನೊಂದು ನಮ್ಮವರಿಗೆ ಇಷ್ಟ ಆಗದ ಸಂಗತಿ. 2020ರ ಡಿಸೆಂಬರ್‌ನಲ್ಲಿ ರಿಪಬ್ಲಿಕ್ ಭಾರತ್ ಚಾನೆಲ್ಲನ್ನು ಬ್ರಿಟನ್ನಿನಲ್ಲಿ ತೋರಿಸುವ ಕಂಪನಿಗೆ 20,000 ಪೌಂಡ್ ದಂಡ ಹಾಕಿತು. ಪಾಕಿಸ್ತಾನದ ಜನರ ಮೇಲೆ ದ್ವೇಷದ ಮಾತು ಆಡಿದ್ದಕ್ಕೆ. ನಮಗೆ ಸಿಟ್ಟು ಬರಿಸುವ ಚಾನೆಲ್ಲಿಗೆ ಇರುವ ನಿಯಮವೇ ನಮಗೆ ಖುಷಿ ಕೊಡುವ ಚಾನೆಲ್ಲಿಗೂ ಇದೆ.

ವಾಟ್ಸಾಪಿನಲ್ಲಿ ಬಂದ ಮಾದರಿ ದೂರನ್ನು ಹಾಗೇ ಅಂಟಿಸಬೇಡಿ. ಒಂದೇ ಥರದ ಸಾವಿರ ದೂರು ಬಂದರೆ ಎಲ್ಲರಿಗೂ ಸೇರಿಸಿ ಒಂದೇ ಉತ್ತರ ಹೋಗುತ್ತದೆ. ನಿಮ್ಮ ಇಂಗ್ಲಿಷ್ ಒರಟಾಗಿದ್ದರೂ ಪರವಾಗಿಲ್ಲ, ನಿಮ್ಮದೇ ಇರಲಿ.

ವೀಸಾಗೆ ತೊಂದರೆ ಆಗುತ್ತಾ ಅಂತ ತಂದೆತಾಯಿ ಕೇಳುತ್ತಾರೆ. ಸಭ್ಯವಾಗಿ ದೂರು ಕೊಡಲು ಪೌರತ್ವ ಬೇಕಿಲ್ಲ, ಯಾವ ನೋಡುಗರಾದರೂ ಕೊಡಬಹುದು. ಆದರೆ ವರದಿಗಾರರಿಗೆ ಸೋಷಿಯಲ್ ಮೀಡಿಯಾದಲ್ಲಿ ಬೆದರಿಕೆ ಹಾಕುವುದು, ಒಂದು ಧರ್ಮದವರನ್ನು ಹೀನಾಯವಾಗಿ ಬೈಯುವುದು ದೂರಲ್ಲ. ಅದು ಪೊಲೀಸರ ಬಾಗಿಲಿಗೆ ಹೋಗುವ ವಿಷಯ.

ಕೊನೆಗೆ ಊರಿನಲ್ಲಿರುವವರಿಗೆ. 2025ರ ಮೇ ತಿಂಗಳಲ್ಲಿ ಕರಾಚಿ ಬಂದರು ನಾಶವಾಯಿತು ಎಂದು ನಮ್ಮ ದೇಶದ ಕೆಲವು ಚಾನೆಲ್ಲುಗಳು ರಾತ್ರಿಯಿಡೀ ಹೇಳಿದವು. ಹಾಗೇನೂ ಆಗಿರಲಿಲ್ಲ. ಇದಕ್ಕೂ ದಾರಿ ಇದೆ. 2021ರ ಕೇಬಲ್ ಟಿವಿ ನಿಯಮದ ಪ್ರಕಾರ ಮೊದಲು ಚಾನೆಲ್ಲಿಗೇ ದೂರು ಕೊಡಬೇಕು, ಅವರು 15 ದಿನದಲ್ಲಿ ತೀರ್ಮಾನಿಸಬೇಕು. ಒಪ್ಪದಿದ್ದರೆ ಇನ್ನು 15 ದಿನದಲ್ಲಿ ಆ ಚಾನೆಲ್ ಸೇರಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ. ಅದು 60 ದಿನದಲ್ಲಿ ಹೇಳಬೇಕು. ಅದರ ಮೇಲೆ ಕೇಂದ್ರ ಸರ್ಕಾರ. ಪಿ.ಜೆ. ಬಡಾವಣೆಯ ಮನೆಯಲ್ಲಿ ಕೂತು ಟಿವಿಗೆ ಬೈಯುವ ಅಪ್ಪನಿಗೆ ಹೇಳಿ: ತೆರೆಯ ಫೋಟೋ ತೆಗೆದು, ಚಾನೆಲ್ಲು, ದಿನ, ಹೊತ್ತು ಬರೆದಿಟ್ಟುಕೊಳ್ಳಲಿ. ದೂರು ಟೈಪ್ ಮಾಡುವ ಕೆಲಸವನ್ನು ನೀವು ಅಲ್ಲಿಂದಲೇ ಮಾಡಿಕೊಡಬಹುದು.