ರಿಪೋರ್ಟ್‌ನಲ್ಲಿ ಪ್ಲೇಟ್‌ಲೆಟ್ ನಾರ್ಮಲ್, ಆದರೂ ನಾನು ಹೆಪಾರಿನ್ ನಿಲ್ಲಿಸುತ್ತೇನೆ

ನಾನು ವ್ಯಾಸ್ಕುಲರ್ ಸರ್ಜನ್, ಅಂದ್ರೆ ರಕ್ತನಾಳದ ಡಾಕ್ಟರ್. ಕಾಲಿಗೆ ರಕ್ತ ಹೋಗೋದು ದಿಢೀರ್ ನಿಂತವರು, ಬೀಡಿ ಸೇದಿ ಬೆರಳು ಕಪ್ಪಾದವರು, ಡಯಾಲಿಸಿಸ್‌ಗೆ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿಸಬೇಕಾದವರು, ಡಿವಿಟಿಯಾಗಿ, ಅಂದ್ರೆ ಕಾಲಿನ ಒಳಗಿನ ಅಭಿಧಮನಿಯಲ್ಲಿ ರಕ್ತ ಗಡ್ಡೆ ಕಟ್ಟಿ, ಕಾಲು ಊದಿಸಿಕೊಂಡು ಬಂದವರು, ಇವರೇ ನನ್ನ ರೋಗಿಗಳು. ಇವರಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಯಾವಾಗಲಾದರೂ ಹೆಪಾರಿನ್ ಬೀಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯೋ ಅಗ್ಗದ ಔಷಧಿ. ಹಂದಿಯ ಕರುಳಿನಿಂದ ತೆಗೆದದ್ದು. ನರಕ್ಕೆ ಕೊಟ್ಟ ಕೂಡಲೇ ಕೆಲಸ ಶುರು ಮಾಡುತ್ತದೆ, ರಕ್ತಸ್ರಾವ ಆದರೆ ಪ್ರೋಟಮಿನ್ ಕೊಟ್ಟು ಅದರ ಪರಿಣಾಮ ಇಳಿಸಬಹುದು. ಇದಿಲ್ಲದೆ ನಮ್ಮ ಓಟಿ ನಡೆಯೋದು ಕಷ್ಟ.

ಆದರೆ ಇದೇ ಹೆಪಾರಿನ್ ಕೆಲವರಲ್ಲಿ ಪೂರ್ತಿ ಉಲ್ಟಾ ಕೆಲಸ ಮಾಡುತ್ತದೆ. ರಕ್ತ ಹೆಪ್ಪುಗಟ್ಟಿಸೋ ಕಣಗಳಾದ ಪ್ಲೇಟ್‌ಲೆಟ್ ಕಡಿಮೆಯಾಗುತ್ತಾ ಹೋಗುತ್ತದೆ, ಜೊತೆಗೆ ರಕ್ತ ಹೆಪ್ಪುಗಟ್ಟುತ್ತಾ ಹೋಗುತ್ತದೆ. ಇದಕ್ಕೆ ನಾವು ಹಿಟ್ ಅನ್ನುತ್ತೇವೆ, ಹೆಪಾರಿನ್ ಇಂಡ್ಯೂಸ್ಡ್ ಥ್ರಾಂಬೋಸೈಟೋಪೀನಿಯಾ. ನಮ್ಮ ವಾರ್ಡ್‌ನಲ್ಲಿ ಇದನ್ನು ತಪ್ಪಿಸಿಕೊಳ್ಳದೆ ಹಿಡಿಯೋಕೆ ನಾನು ಮಾಡಿಕೊಂಡ ವ್ಯವಸ್ಥೆ ಬಗ್ಗೆ ಜೂನಿಯರ್‌ಗಳು ಆಗಾಗ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಒಳಗೆ ಆಗೋದು ಇಷ್ಟು. ಪ್ಲೇಟ್‌ಲೆಟ್‌ಗಳು ಪಿಎಫ್4 ಅನ್ನೋ ಒಂದು ಪ್ರೋಟೀನ್ ಬಿಡುತ್ತವೆ. ಹೆಪಾರಿನ್ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಆ ಜೋಡಿಯನ್ನು ದೇಹ ಹೊರಗಿನದು ಅಂದುಕೊಂಡು ಆ್ಯಂಟಿಬಾಡಿ ತಯಾರಿಸುತ್ತದೆ, ಆ ಆ್ಯಂಟಿಬಾಡಿ ಪ್ಲೇಟ್‌ಲೆಟ್‌ಗಳನ್ನೇ ಕೆರಳಿಸುತ್ತದೆ. ಕೆರಳಿದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ರಕ್ತನಾಳದೊಳಗೇ ಗಡ್ಡೆ ಕಟ್ಟುತ್ತವೆ. ಹಾಗೆ ಖರ್ಚಾಗಿ ಹೋಗೋದರಿಂದಲೇ ಎಣಿಕೆ ಇಳಿಯೋದು.

ಇದನ್ನು ಮೊದಲು ಗಮನಿಸಿದವರು ಸರ್ಜನ್‌ಗಳು ಅನ್ನೋದು ನನಗೆ ಸ್ವಲ್ಪ ಹೆಮ್ಮೆಯ ವಿಷಯ, ಸುಳ್ಳು ಯಾಕೆ ಹೇಳಲಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹ್ಯಾನೋವರ್‌ನಲ್ಲಿ ವೈಸ್‌ಮನ್ ಮತ್ತು ಟೋಬಿನ್ ಅನ್ನೋ ಇಬ್ಬರು 1958ರಲ್ಲಿ ಹತ್ತು ರೋಗಿಗಳ ಬಗ್ಗೆ ಬರೆದರು. ಹತ್ತೂ ಜನರಿಗೆ ಹೆಪಾರಿನ್ ನಡೆಯುತ್ತಿರುವಾಗಲೇ ಅಪಧಮನಿಯಲ್ಲಿ ಹೊಸ ಗಡ್ಡೆ ಬಂದು ಕೂತಿತ್ತು. ಅದನ್ನು ಕೈಯಾರೆ ಹೊರಗೆ ತೆಗೆದವರಿಗೆ ಮಾತ್ರ ಅದರ ಬಣ್ಣ ಕಾಣಿಸುತ್ತದೆ. ಅದು ಮಾಮೂಲಿ ಕಡುಗೆಂಪು ಗಡ್ಡೆ ಅಲ್ಲ, ಬಿಳಿಚಿಕೊಂಡ ಮೆತ್ತನೆ ಗಡ್ಡೆ. ಈಗಲೂ ಫೊಗಾರ್ಟಿ ಕ್ಯಾತಿಟರ್ (ಗಡ್ಡೆ ಹೊರಗೆಳೆಯೋ ಬಲೂನ್ ಇರೋ ಕೊಳವೆ) ಎಳೆದಾಗ ಬಲೂನಿನ ಮುಂದೆ ಬಿಳಿ ಗಡ್ಡೆ ಬಂದರೆ ನಾನು ತಕ್ಷಣ ಕೇಳೋದು ಒಂದೇ ಪ್ರಶ್ನೆ: ಇವರಿಗೆ ಹೆಪಾರಿನ್ ಶುರುವಾಗಿ ಎಷ್ಟು ದಿನ ಆಯ್ತು?

ಆ ಇಬ್ಬರಿಗೂ ಕಾರಣ ಗೊತ್ತಾಗಿರಲಿಲ್ಲ. ಪ್ಲೇಟ್‌ಲೆಟ್ ಇಳಿಯೋದನ್ನೂ ಹೆಪಾರಿನ್ನನ್ನೂ ಆ್ಯಂಟಿಬಾಡಿಯನ್ನೂ ಒಂದೇ ಎಳೆಯಲ್ಲಿ ಜೋಡಿಸಿದ್ದು ವ್ಯಾಸ್ಕುಲರ್ ಸರ್ಜನ್ ಡೊನಾಲ್ಡ್ ಸಿಲ್ವರ್ ಮತ್ತು ಅವರ ಜೊತೆಗಾರರು, 1973ರಲ್ಲಿ. ಆಮೇಲೆ ಸಿಲ್ವರ್ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಇದರ ಹಿಂದೆಯೇ ಬಿದ್ದರು. ಹೆಪಾರಿನ್ ಲೇಪಿಸಿದ ಕ್ಯಾತಿಟರ್‌ನಿಂದಲೂ ಹಿಟ್ ಮುಂದುವರಿಯಬಹುದು ಅಂತ 1988ರಲ್ಲಿ ಬರೆದದ್ದು ಅವರ ತಂಡವೇ. ಪಿಎಫ್4 ಪಾತ್ರ ಗೊತ್ತಾಗೋಕೆ 1992ರವರೆಗೆ ಕಾಯಬೇಕಾಯಿತು, ಫ್ರಾನ್ಸಿನ ಜೀನ್ ಅಮಿರಾಲ್ ಅವರ ಕೆಲಸದಿಂದ.

ಈಗ ನನ್ನ ವಾರ್ಡಿಗೆ ಬರೋಣ. ನಾನು ಮಾಡಿಕೊಂಡದ್ದು ಒಂದು ಹಾಳೆ, ಅಷ್ಟೇ. ಕೇಸ್ ಶೀಟ್‌ನ ಮುಂಭಾಗದಲ್ಲೇ ಇರುತ್ತದೆ. ಮೇಲಿನ ಸಾಲಿನಲ್ಲಿ ತಾರೀಖು, ಅದರ ಕೆಳಗೆ ಹೆಪಾರಿನ್ ಶುರುವಾಗಿ ಎಷ್ಟನೇ ದಿನ ಅನ್ನೋದು, ಅದರ ಕೆಳಗೆ ಆ ದಿನದ ಪ್ಲೇಟ್‌ಲೆಟ್. ಹೆಪಾರಿನ್ ಹಾಕೋ ಮೊದಲು ಒಂದು ಎಣಿಕೆ ಇರಲೇಬೇಕು, ಎಮರ್ಜೆನ್ಸಿ ಆದರೂ ರಕ್ತ ತೆಗೆದಿಟ್ಟೇ ಇಂಜೆಕ್ಷನ್. ನಾಲ್ಕನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಒಂದು ದಿನ ಬಿಟ್ಟು ಒಂದು ದಿನ ಸಿಬಿಸಿ, ಅಂದ್ರೆ ರಕ್ತಕಣಗಳ ಎಣಿಕೆ. ಯಾಕಂದ್ರೆ ಆ್ಯಂಟಿಬಾಡಿ ತಯಾರಾಗೋಕೆ ಸಮಯ ಬೇಕು, ಹಿಟ್ ಸಾಮಾನ್ಯವಾಗಿ ಕಾಣಿಸಿಕೊಳ್ಳೋದು 5ರಿಂದ 10ನೇ ದಿನದ ಒಳಗೆ. ಕಳೆದ ಮೂರು ತಿಂಗಳಲ್ಲಿ ಹೆಪಾರಿನ್ ಪಡೆದವರಿಗೆ ಈ ಲೆಕ್ಕ ಅನ್ವಯಿಸಲ್ಲ, ಅವರಲ್ಲಿ ಆ್ಯಂಟಿಬಾಡಿ ಆಗಲೇ ಇರಬಹುದು, ಒಂದೇ ದಿನದಲ್ಲಿ ಎಣಿಕೆ ದಢಕ್ಕನೆ ಬೀಳಬಹುದು. ಹಾಗಾಗಿ ಹಾಳೆಯ ಮೂಲೆಯಲ್ಲಿ ಇನ್ನೊಂದು ಚೌಕ ಇದೆ: ಇತ್ತೀಚೆಗೆ ಬೇರೆ ಆಸ್ಪತ್ರೆಯಲ್ಲಿ ಇದ್ದರಾ, ಆ್ಯಂಜಿಯೋಗ್ರಾಮ್ ಆಯ್ತಾ, ಡಯಾಲಿಸಿಸ್ ನಡೀತಾ ಇದೆಯಾ? ಹೆಪಾರಿನ್ ತಗೊಂಡಿದ್ದೀರಾ ಅಂತ ನೇರವಾಗಿ ಕೇಳಿದರೆ ಯಾರಿಗೂ ಗೊತ್ತಿರಲ್ಲ. ಹೊಟ್ಟೆಗೆ ಚುಚ್ಚೋ ಸಣ್ಣ ಇಂಜೆಕ್ಷನ್ ಕೊಟ್ಟಿದ್ರಾ ಅಂತ ಕೇಳಿ ನೋಡಿ, ಥಟ್ಟನೆ ಹೌದು ಅನ್ನುತ್ತಾರೆ.

ಈ ಹಾಳೆ ಯಾಕೆ ಬೇಕು ಅಂದ್ರೆ, ಲ್ಯಾಬ್ ರಿಪೋರ್ಟ್ ಇಲ್ಲಿ ದಾರಿ ತಪ್ಪಿಸುತ್ತದೆ. ಉದಾಹರಣೆಗೆ ಕಾಲಿನ ಆಪರೇಷನ್ ಆದ ಒಬ್ಬರಿಗೆ ಮೊದಲ ಎಣಿಕೆ 4.2 ಲಕ್ಷ ಇತ್ತು ಅಂದುಕೊಳ್ಳಿ. ಏಳನೇ ದಿನ 1.9 ಲಕ್ಷ. ಲ್ಯಾಬ್‌ನ ಪ್ರಕಾರ 1.5 ಲಕ್ಷದ ಮೇಲೆ ಇದ್ದರೆ ನಾರ್ಮಲ್, ಕೆಂಪು ಗುರುತು ಬರಲ್ಲ, ಡ್ಯೂಟಿ ಡಾಕ್ಟರ್ ಸಹಿ ಹಾಕಿ ಮುಂದೆ ಹೋಗುತ್ತಾರೆ. ಆದರೆ ಅರ್ಧಕ್ಕಿಂತ ಜಾಸ್ತಿ ಬಿದ್ದಿದೆ! ಅದೂ ಆಪರೇಷನ್ ಆಗಿ ವಾರ ಆದಾಗ, ಪ್ಲೇಟ್‌ಲೆಟ್ ಸಹಜವಾಗಿ ಏರಬೇಕಾದ ಹೊತ್ತಿನಲ್ಲಿ. ರಿಪೋರ್ಟ್‌ನಲ್ಲಿ 90 ಸಾವಿರ ಬಂದಷ್ಟೇ ನನಗೆ ಇದು ಭಯದ ಸುದ್ದಿ. ಇನ್ನೊಂದು ಕಡೆ, ಆಪರೇಷನ್ ಆದ ಎರಡನೇ ದಿನ ಎಣಿಕೆ ಸ್ವಲ್ಪ ಇಳಿದರೆ ನಾನು ತಲೆ ಕೆಡಿಸಿಕೊಳ್ಳಲ್ಲ. ರಕ್ತ ಹೋಗಿರುತ್ತದೆ, ಸಲೈನ್ ಏರಿರುತ್ತದೆ, ಅಷ್ಟು ಇಳಿಯೋದು ಸಹಜ.

ಮಳೆಗಾಲದಲ್ಲಿ ನಮ್ಮಲ್ಲಿ ಇನ್ನೊಂದು ತಾಪತ್ರಯ, ಡೆಂಗಿ. ಪ್ಲೇಟ್‌ಲೆಟ್ ಅನ್ನೋ ಪದ ಈಗ ಹಳ್ಳಿ ಹಳ್ಳಿಗೂ ಗೊತ್ತು, ಅದು ಇಳಿದರೆ ರಕ್ತಸ್ರಾವ ಅಂತಲೇ ಎಲ್ಲರ ತಲೆಯಲ್ಲಿ ಕೂತಿದೆ. ಎಣಿಕೆ ಇಳೀತಿದೆ ಅಂತ ಕಡೆಯವರಿಗೆ ಹೇಳಿದ ಕೂಡಲೇ, "ಡಾಕ್ಟ್ರೇ, ಪ್ಲೇಟ್‌ಲೆಟ್ ಹಾಕ್ಸಿ, ಬೇಕಾದ್ರೆ ನಾವೇ ನಾಲ್ಕು ಜನ ಡೋನರ್ ಕರ್ಕೊಂಡು ಬರ್ತೀವಿ" ಅನ್ನುತ್ತಾರೆ. ಪಪ್ಪಾಯಿ ಎಲೆ ರಸ ಆಗಲೇ ಬಾಟಲಿಯಲ್ಲಿ ಬಂದಿರುತ್ತದೆ. ಹಿಟ್‌ನಲ್ಲಿ ಸುಮ್ನೆ ಪ್ಲೇಟ್‌ಲೆಟ್ ಏರಿಸೋದಿಲ್ಲ, ಜೋರು ರಕ್ತಸ್ರಾವ ಇದ್ದರೆ ಮಾತ್ರ. ಹೊರಗಿನಿಂದ ಕೊಟ್ಟದ್ದೂ ಗಡ್ಡೆಗೇ ಸೇರಬಹುದು ಅನ್ನೋ ಭಯ. ಇದನ್ನು ಅರ್ಥ ಮಾಡಿಸೋಕೆ ಆಪರೇಷನ್‌ಗಿಂತ ಜಾಸ್ತಿ ಹೊತ್ತು ಬೇಕು ಅಂತ ಕೆಲವು ಸಲ ಅನಿಸುತ್ತದೆ. ಎಣಿಕೆ 10 ಸಾವಿರ, 15 ಸಾವಿರಕ್ಕೆ ಇಳಿದಿದ್ದರೆ ನಾನು ಹಿಟ್‌ಗಿಂತ ಮೊದಲು ಬೇರೆ ಕಾರಣ ಹುಡುಕುತ್ತೇನೆ, ಹಿಟ್ ಅಷ್ಟು ಕೆಳಗೆ ಇಳಿಸೋದು ಅಪರೂಪ. ಜ್ವರ ಇದ್ದರೆ ಡೆಂಗಿ ಟೆಸ್ಟ್, ಸೋಂಕು ಇದೆಯಾ, ಲೈನೆಜೋಲಿಡ್‌ನಂಥ ಆ್ಯಂಟಿಬಯೋಟಿಕ್ ನಡೀತಾ ಇದೆಯಾ, ಎಲ್ಲ ನೋಡಬೇಕು. ಜೊತೆಗೆ ಒಂದು ಸ್ಮಿಯರ್, ಅಂದ್ರೆ ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ಮೈಕ್ರೋಸ್ಕೋಪ್‌ನಲ್ಲಿ ನೋಡೋದು. ಇಡಿಟಿಎ ಟ್ಯೂಬ್‌ನಲ್ಲಿ ಕೆಲವರ ಪ್ಲೇಟ್‌ಲೆಟ್ ಗುಂಪುಗಟ್ಟುತ್ತದೆ, ಮೆಷಿನ್ ಅದನ್ನು ಕಡಿಮೆ ಎಣಿಸುತ್ತದೆ. ಆಗ ಸಿಟ್ರೇಟ್ ಟ್ಯೂಬ್‌ನಲ್ಲಿ ಮತ್ತೆ ಕಳಿಸಿದರೆ ಹೆಚ್ಚಿನವರಲ್ಲಿ ನಿಜವಾದ ಎಣಿಕೆ ಗೊತ್ತಾಗುತ್ತದೆ.

ಅನುಮಾನ ಬಂದಾಗ 4ಟಿ ಸ್ಕೋರ್ ಹಾಕುತ್ತೇವೆ. ಎಣಿಕೆ ಎಷ್ಟು ಬಿತ್ತು, ಯಾವಾಗ ಬಿತ್ತು, ಹೊಸ ಗಡ್ಡೆ ಇದೆಯಾ, ಬೇರೆ ಕಾರಣ ಇದೆಯಾ, ಒಂದೊಂದಕ್ಕೆ 0ರಿಂದ 2 ಅಂಕ. 3 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹಿಟ್ ಇರೋ ಸಾಧ್ಯತೆ ತೀರಾ ಕಡಿಮೆ. 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ತದ ಮಾದರಿ ಪಿಎಫ್4 ಆ್ಯಂಟಿಬಾಡಿ ಟೆಸ್ಟ್‌ಗೆ ಹೋಗುತ್ತದೆ. ನಮಗೆ ಅದನ್ನು ಹೊರಗೆ ಕಳಿಸಬೇಕು, ಉತ್ತರ ಬರೋವರೆಗೆ ಕಾಯೋ ಹಾಗಿಲ್ಲ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಹಿಟ್ ಆದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಒಂದು ತಿಂಗಳ ಒಳಗೆ ಗಡ್ಡೆ ಕಟ್ಟುತ್ತದೆ. ಕಾಲು ಹೋಗಬಹುದು, ಪಾರ್ಶ್ವವಾಯು ಆಗಬಹುದು, ಶ್ವಾಸಕೋಶಕ್ಕೆ ಗಡ್ಡೆ ಹೋಗಬಹುದು.

ಹೆಪಾರಿನ್ ನಿಲ್ಲಿಸೋದು ಅಂದ್ರೆ ಪೂರ್ತಿ ನಿಲ್ಲಿಸೋದು, ನನ್ನ ಅರ್ಧ ಜಗಳ ಇಲ್ಲೇ. ಸಿರಿಂಜ್ ಪಂಪ್ ಆಫ್ ಮಾಡುತ್ತಾರೆ, ಕ್ಯಾನುಲಾಗೆ ಹೆಪಾರಿನ್ ಫ್ಲಶ್ ಮಾತ್ರ ನಡೀತಾನೇ ಇರುತ್ತದೆ. ಆರ್ಟೀರಿಯಲ್ ಲೈನಿನ ಪ್ರೆಷರ್ ಬ್ಯಾಗ್‌ನಲ್ಲಿ ಇರುತ್ತದೆ, ಡಯಾಲಿಸಿಸ್ ಕ್ಯಾತಿಟರ್‌ನ ಲಾಕ್‌ನಲ್ಲಿ ಇರುತ್ತದೆ. ಆ್ಯಂಟಿಬಾಡಿಗೆ ಅಷ್ಟು ಸಾಕು. ಈ ವಿಷಯದಲ್ಲಿ ನನಗೆ ಡಾಕ್ಟರ್‌ಗಳಿಗಿಂತ ಜಾಸ್ತಿ ಸಹಾಯ ಮಾಡಿದ್ದು ವಾರ್ಡ್ ಸಿಸ್ಟರ್‌ಗಳು. ಹಾಸಿಗೆಯ ತಲೆ ಕಡೆ ಕೆಂಪು ಸ್ಟಿಕ್ಕರ್ ಅಂಟಿಸಿ, ಆ ರೋಗಿಯ ಟ್ರೇಯಿಂದ ಹೆಪಾರಿನ್ ವಯಲ್ ತೆಗೆದು ಬರೀ ಸಲೈನ್ ಇಡೋ ಪದ್ಧತಿ ಅವರದ್ದೇ ಐಡಿಯಾ. ಹೆಪಾರಿನ್ನಿನದೇ ಇನ್ನೊಂದು ರೂಪವಾದ ಎನೊಕ್ಸಾಪರಿನ್‌ಗೆ ಬದಲಾಯಿಸೋಣ್ವಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬೇಡ. ಅದರಿಂದ ಹಿಟ್ ಶುರುವಾಗೋದು ಕಡಿಮೆ ಅನ್ನೋದು ನಿಜ, ಆದರೆ ಶುರುವಾದ ಮೇಲೆ ಅದೂ ಇದೇ ಆ್ಯಂಟಿಬಾಡಿಗೆ ಸಿಕ್ಕಿಬೀಳುತ್ತದೆ.

ನಿಲ್ಲಿಸಿದರೆ ಸಾಲದು, ಹೆಪ್ಪುಗಟ್ಟೋದನ್ನು ತಡೆಯೋ ಬೇರೊಂದು ಔಷಧಿ ಶುರುವಾಗಬೇಕು. ಐಸಿಯುನಲ್ಲಿ ಇರೋ, ಮತ್ತೆ ಆಪರೇಷನ್ ಆಗಬಹುದಾದ ರೋಗಿಗೆ ಆರ್ಗಟ್ರೊಬಾನ್ ಅಥವಾ ಬೈವಲಿರುಡಿನ್. ದುಬಾರಿ, ಆದರೆ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಪರಿಣಾಮ ಇಳಿಯುತ್ತದೆ. ಲಿವರ್ ತೊಂದರೆ ಇದ್ದರೆ ಆರ್ಗಟ್ರೊಬಾನ್ ಡೋಸ್ ತಗ್ಗಿಸಬೇಕು. ಸ್ಥಿರವಾಗಿದ್ದು ಕಿಡ್ನಿ ಚೆನ್ನಾಗಿದ್ದರೆ ಫೊಂಡಾಪರಿನಕ್ಸ್, ದಿನಕ್ಕೆ ಒಂದು ಇಂಜೆಕ್ಷನ್. ಈಗೀಗ ರಿವರೊಕ್ಸಬಾನ್‌ನಂಥ ಮಾತ್ರೆಗಳನ್ನೂ ಬಳಸುತ್ತೇವೆ, ನನ್ನ ರೋಗಿಗಳ ಜೇಬಿಗೆ ಅದೇ ಹೊಂದುತ್ತದೆ.

ರಕ್ತ ಹೆಪ್ಪುಗಟ್ಟದಂತೆ ಕೊಡೋ ಹಳೆಯ ಮಾತ್ರೆಗಳಾದ ವಾರ್ಫರಿನ್ ಅಥವಾ ಅಸಿಟ್ರಾಂ ಮಾತ್ರ ಆತುರಪಟ್ಟು ಶುರು ಮಾಡಬಾರದು. ರಕ್ತ ಹೆಪ್ಪುಗಟ್ಟದಂತೆ ತಡೆಯೋ ಪ್ರೋಟೀನ್ ಸಿ ಅನ್ನೋದನ್ನು ಅವು ಮೊದಲೇ ಇಳಿಸಿಬಿಡುತ್ತವೆ, ಹಿಟ್ ಉರಿಯುತ್ತಿರುವಾಗ ಹಾಗಾದರೆ ಡಿವಿಟಿ ಇರೋ ಕಾಲು ಗ್ಯಾಂಗ್ರಿನ್‌ಗೆ ತಿರುಗಬಹುದು. ಕಾಲಿನ ನಾಡಿ ಚೆನ್ನಾಗೇ ಸಿಗುತ್ತದೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಹಿಡಿಯೋ ಸಮಯದ ಅಳತೆ) ಜಾಸ್ತಿ ಇರುತ್ತದೆ, ಬೆರಳುಗಳು ಮಾತ್ರ ಕಪ್ಪಾಗುತ್ತಾ ಬರುತ್ತವೆ. ಕೆನಡಾದ ವಾರ್ಕೆಂಟಿನ್ ಇದನ್ನು 1997ರಲ್ಲಿ ಬಿಡಿಸಿ ತೋರಿಸಿದರು. ನಮ್ಮ ನಿಯಮ: ಪ್ಲೇಟ್‌ಲೆಟ್ 1.5 ಲಕ್ಷಕ್ಕೆ ವಾಪಸ್ ಬರೋವರೆಗೆ ಈ ಮಾತ್ರೆ ಇಲ್ಲ, ಬೇರೆಡೆ ಶುರು ಮಾಡಿ ಕಳಿಸಿದ್ದರೆ ನಿಲ್ಲಿಸಿ ವಿಟಮಿನ್ ಕೆ.

ಅಂದ ಹಾಗೆ, 2024ರಲ್ಲಿ ಕೋವಿಶೀಲ್ಡ್ ಲಸಿಕೆಯಿಂದ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಅನ್ನೋ ಸುದ್ದಿ ಬಂದಾಗ ನನಗೆ ಬಂದ ಫೋನ್‌ಗಳಿಗೆ ಲೆಕ್ಕವಿಲ್ಲ. ಅದೂ ಪಿಎಫ್4 ಆ್ಯಂಟಿಬಾಡಿಯ ಕಥೆಯೇ, ಹೆಪಾರಿನ್ ಇಲ್ಲದೆ ಆಗುವಂಥದ್ದು. ತೀರಾ ಅಪರೂಪ, ಬಂದರೂ ಲಸಿಕೆ ಹಾಕಿಸಿದ ಮೊದಲ ಕೆಲವು ವಾರಗಳಲ್ಲಿ ಬರುತ್ತದೆ. ಮೂರು ವರ್ಷದ ಹಿಂದೆ ಹಾಕಿಸಿಕೊಂಡವರು ಗಡ್ಡೆಯ ಸುಳಿವು ನೋಡೋ ಡಿ-ಡೈಮರ್ ಟೆಸ್ಟ್ ಮಾಡಿಸೋ ಅಗತ್ಯ ಇಲ್ಲ ಅಂತ ಹೇಳಿ ಹೇಳಿ ಸಾಕಾಯಿತು.

ಡಿಸ್ಚಾರ್ಜ್ ಆಗುವಾಗ ಹೆಪಾರಿನ್ ಕೊಡಬಾರದು ಅಂತ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದ ಕಾರ್ಡ್ ಕೊಡುತ್ತೇವೆ. ಕಾರ್ಡ್ ಕಳೆದುಹೋಗುತ್ತದೆ, ಹಾಗಾಗಿ ಮಗನ ಅಥವಾ ಮಗಳ ಮೊಬೈಲ್‌ನಲ್ಲಿ ಫೋಟೋ ತೆಗೆಸುತ್ತೇವೆ. ಡಯಾಲಿಸಿಸ್ ರೋಗಿ ಆದರೆ ಅವರ ಸೆಂಟರ್‌ಗೆ ನಾನೇ ಫೋನ್ ಮಾಡುತ್ತೇನೆ. ಮುಂದೆ ಬೈಪಾಸ್ ಬೇಕಾದರೆ ಏನು ಗತಿ ಅಂತ ಕೆಲವರು ಕೇಳುತ್ತಾರೆ, ಒಳ್ಳೆಯ ಪ್ರಶ್ನೆ. ಈ ಆ್ಯಂಟಿಬಾಡಿ ಶಾಶ್ವತ ಅಲ್ಲ, ಹೆಚ್ಚಿನವರಲ್ಲಿ ಮೂರು ತಿಂಗಳ ಆಸುಪಾಸಿನಲ್ಲಿ ಮಾಯವಾಗುತ್ತದೆ. ಕಾಯೋಕೆ ಆಗುವ ಆಪರೇಷನ್ ಆದರೆ ಕಾಯಬೇಕು, ಟೆಸ್ಟ್ ನೆಗೆಟಿವ್ ಬಂದ ಮೇಲೆ ಓಟಿಯೊಳಗೆ ಆ ಕೆಲವು ಗಂಟೆಗಳಿಗೆ ಮಾತ್ರ ಹೆಪಾರಿನ್ ಬಳಸಬಹುದು. ಅದಕ್ಕೆ ಮೊದಲು ಆಗಲಿ, ಆಮೇಲೆ ವಾರ್ಡ್‌ನಲ್ಲಾಗಲಿ ಬೇರೆ ಔಷಧಿಯೇ.