ಒಡೆದ ಗಾಜಿನಲ್ಲಿ ಮರವಂತೆಯ ನೊರೆ

ಗಾಜಿನ ಚೂರು, ಬಣ್ಣ, ರೆಸಿನ್‌ (ಎಪಾಕ್ಸಿ ಎಂಬ, ಸುರಿದ ಮೇಲೆ ಗಟ್ಟಿಯಾಗುವ ಪಾರದರ್ಶಕ ದ್ರವ) ಮೂರನ್ನೂ ಸೇರಿಸಿ ಗೋಡೆಗೆ ತೂಗುಹಾಕುವ ಚಿತ್ರ ಮಾಡುವ ಹುಮ್ಮಸ್ಸು ಈಗ ಎಲ್ಲೆಡೆ ಕಾಣುತ್ತಿದೆ. ಸಾಮಗ್ರಿ ಸುಲಭವಾಗಿ ಸಿಗುತ್ತದೆ, ಕೆಲಸವೂ ಕಷ್ಟದ್ದೇನಲ್ಲ. ಆದರೂ ಮೊದಲ ಸಲ ಮಾಡಿದವರಲ್ಲಿ ಹೆಚ್ಚಿನವರ ದೂರು ಒಂದೇ: ಹರಡಿದಾಗ ಫಳಫಳ ಎನ್ನುತ್ತಿದ್ದ ಗಾಜು ಮೇಲೆ ರೆಸಿನ್‌ ಬಿದ್ದ ಕೂಡಲೇ ಮಂಕಾಯಿತು, ಈಗ ಎಲ್ಲಿದೆ ಎಂದು ಹುಡುಕಬೇಕು!

ಇದಕ್ಕೆ ಕಾರಣ ಹೈಸ್ಕೂಲಿನ ವಿಜ್ಞಾನದ ಪಾಠದಲ್ಲೇ ಇದೆ. ಬೆಳಕು ಗಾಳಿಯಿಂದ ಗಾಜಿಗೆ ದಾಟುವ ಗಡಿಯಲ್ಲಿ ಒಂದಿಷ್ಟು ಬಾಗುತ್ತದೆ, ಒಂದಿಷ್ಟು ಹಿಂದಕ್ಕೆ ಚಿಮ್ಮುತ್ತದೆ. ಹೊಳಪು ಹುಟ್ಟುವುದು ಆ ಗಡಿಯಲ್ಲಿ. ಗಾಳಿಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) 1, ಕಿಟಕಿ ಮತ್ತು ಬಾಟಲಿಯ ಸಾಮಾನ್ಯ ಗಾಜಿನದು ಸುಮಾರು 1.52. ಎರಡರ ನಡುವೆ ದೊಡ್ಡ ಅಂತರವಿದೆ. ಗಟ್ಟಿಯಾದ ಎಪಾಕ್ಸಿ ರೆಸಿನ್‌ನ ಸೂಚ್ಯಂಕವೋ 1.5ರಿಂದ 1.57ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಗಾಜಿನಷ್ಟೇ. ಗಾಜನ್ನು ರೆಸಿನ್‌ನಲ್ಲಿ ಮುಳುಗಿಸಿದರೆ ಬೆಳಕಿನ ಪಾಲಿಗೆ ಆ ಗಡಿಯೇ ಇಲ್ಲ. ನಂಬಿಕೆ ಬಾರದಿದ್ದರೆ ಬಣ್ಣವಿಲ್ಲದ ಗಾಜಿನ ನಾಲ್ಕು ಚೂರನ್ನು ಒಂದು ಲೋಟಕ್ಕೆ ಹಾಕಿ, ಮುಳುಗುವಷ್ಟು ಅಡುಗೆ ಎಣ್ಣೆ ಸುರಿದು ನೋಡಿ. ಅಂಚುಗಳು ಕಣ್ಣೆದುರೇ ಕರಗಿದಂತೆ ಕಾಣುತ್ತವೆ.

ಹಾಗಾಗಿ ಈ ಕೆಲಸದಲ್ಲಿ ನೆನಪಿಡಬೇಕಾದ್ದು ಇಷ್ಟೇ: ಗಾಜಿನ ಕಾಲು ರೆಸಿನ್‌ನಲ್ಲಿ ಇರಲಿ, ತಲೆ ಗಾಳಿಯಲ್ಲಿ ಇರಲಿ. ಮುಂದಿನ ಹಂತಗಳೆಲ್ಲ ಈ ಒಂದು ಮಾತನ್ನು ಪಾಲಿಸುವ ದಾರಿಗಳು.

ಯಾವ ಚಿತ್ರ?

ಗಾಜು ಎಲ್ಲೆಡೆ ಚೆಲ್ಲಿದರೆ ಚಿತ್ರ ಕೆಡುತ್ತದೆ. ಅದಕ್ಕೊಂದು ಜಾಗ, ಒಂದು ಕಾರಣ ಬೇಕು. ಉಡುಪಿ ಜಿಲ್ಲೆಯ ಮರವಂತೆಯನ್ನು ತೆಗೆದುಕೊಳ್ಳೋಣ. ಕುಂದಾಪುರ ದಾಟಿ ಉತ್ತರಕ್ಕೆ ಹೋದರೆ ರಾಷ್ಟ್ರೀಯ ಹೆದ್ದಾರಿ 66ರ ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ. ಒಂದು ಕಡೆ ಅಪ್ಪಳಿಸುವ ಅಲೆ, ಇನ್ನೊಂದು ಕಡೆ ಅಲುಗದ ನೀರು, ನಡುವೆ ಸಪೂರ ರಸ್ತೆ. ಮೇಲಿನಿಂದ ನೋಡಿದಂತೆ ಬರೆದರೆ ಐದು ಉದ್ದ ಪಟ್ಟಿಗಳಲ್ಲಿ ಚಿತ್ರ ಮುಗಿಯುತ್ತದೆ. ಗಾಜು ಬೇಕಾಗುವುದು ನೊರೆಯ ಪಟ್ಟಿಗೆ ಮಾತ್ರ. ನೊರೆ ಬೆಳ್ಳಗೆ ಕಾಣುವುದಕ್ಕೂ ಪುಡಿಗಾಜು ಬೆಳ್ಳಗೆ ಕಾಣುವುದಕ್ಕೂ ಕಾರಣ ಒಂದೇ. ನೀರಿಗಾಗಲಿ ಗಾಜಿಗಾಗಲಿ ಬಣ್ಣವಿಲ್ಲ. ಲೆಕ್ಕವಿಲ್ಲದಷ್ಟು ಪುಟ್ಟ ಮೈಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಬಿಳುಪು ಬರುತ್ತದೆ. ನದಿಗೆ ಗಾಜು ಬೇಡವೇ ಬೇಡ, ನುಣುಪಾದ ರೆಸಿನ್‌ ಸಾಕು.

ಹಲಗೆ 30×40 ಸೆಂ.ಮೀ. ಇರಲಿ. ಅಡ್ಡಲಾಗಿಟ್ಟು ಎಡದಿಂದ ಸಮುದ್ರಕ್ಕೆ 18 ಸೆಂ.ಮೀ., ನೊರೆಗೆ 5, ಮರಳಿಗೆ 6, ರಸ್ತೆಗೆ 3, ನದಿಗೆ 8. ಗೆರೆಗಳನ್ನು ಸ್ಕೇಲಿಟ್ಟು ಎಳೆಯಬೇಡಿ. ಸಮುದ್ರದ ಅಂಚು ಅಂಕುಡೊಂಕಾಗಿರಲಿ, ರಸ್ತೆ ಮಾತ್ರ ನೇರ.

ಬೇಕಾಗುವ ಸಾಮಗ್ರಿ: 12 ಮಿ.ಮೀ. ಪ್ಲೈವುಡ್‌ ಅಥವಾ ಎಂಡಿಎಫ್‌ ಹಲಗೆ (ಕ್ಯಾನ್ವಾಸ್‌ ಬೇಡ, ಭಾರಕ್ಕೆ ಜೋಲುತ್ತದೆ), ಅಕ್ರಿಲಿಕ್‌ ಬಣ್ಣಗಳು, ಫೆವಿಕಾಲ್‌, ಚಾಕ್‌ಪುಡಿ, ಗಾಜು, ಆರ್ಟ್‌ ರೆಸಿನ್‌ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡನರ್‌, ಅಳತೆಯ ಕಪ್‌ಗಳು, ಐಸ್‌ಕ್ರೀಂ ಕಡ್ಡಿಗಳು, ಪ್ಯಾಕಿಂಗ್‌ ಟೇಪ್‌, ಹೀಟ್‌ ಗನ್‌, ನೈಟ್ರೈಲ್‌ ಕೈಗವಸು, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ಎನ್‌95 ಮಾಸ್ಕ್‌.

ಗಾಜು ಒಡೆಯುವುದು

ಒಡೆದ ಗಾಜು ಮನೆಯಲ್ಲಿ ಇರಬಾರದು ಎಂದು ಅಜ್ಜಿಯರು ಹೇಳುತ್ತಾರೆ. ಶಕುನದ ಮಾತು ಹಾಗಿರಲಿ, ಕಾಲಿಗೆ ಚುಚ್ಚೀತು ಎಂಬ ಕಾರಣವೊಂದೇ ಸಾಕು. ಹಾಗಾಗಿ ಒಡೆಯುವ ಕೆಲಸ ಮನೆಯ ಹೊರಗೆ, ಮಕ್ಕಳು ಶಾಲೆಗೆ ಹೋಗಿರುವ ಹೊತ್ತಿನಲ್ಲಿ ಆಗಲಿ.

ಅತ್ಯಂತ ಸುರಕ್ಷಿತವಾದದ್ದು ಟಫನ್ಡ್‌ ಗಾಜು. ಕಾರಿನ ಪಕ್ಕದ ಕಿಟಕಿ, ಶವರ್‌ ಬಾಗಿಲುಗಳಲ್ಲಿ ಬಳಸುವಂಥದ್ದು. ಇದನ್ನು ಕಾಯಿಸಿ ತಟಕ್ಕನೆ ತಣಿಸಿರುವುದರಿಂದ ಹೊರಮೈ ಒತ್ತಡದಲ್ಲೂ ಒಳಭಾಗ ಎಳೆತದಲ್ಲೂ ಇರುತ್ತದೆ. ಒಂದು ಮೂಲೆ ಬಿರಿದರೆ ಸಾಕು, ಇಡೀ ಹಾಳೆ ಕಲ್ಲುಸಕ್ಕರೆಯಂತೆ ಉದುರುತ್ತದೆ. ಚೂರುಗಳ ಅಂಚು ಮೊಂಡು ಎಂದೇನಲ್ಲ, ಆದರೆ ಈಟಿಯಂಥ ಸೀಳು ಬರುವುದಿಲ್ಲ. ಗಾಜಿನ ಅಂಗಡಿ ಅಥವಾ ಗ್ಯಾರೇಜ್‌ನಲ್ಲಿ ಕೇಳಿದರೆ ಒಡೆದದ್ದೇ ಸಿಗುತ್ತದೆ. ಕಾರಿನ ಮುಂಗಾಜು ಮಾತ್ರ ತರಬೇಡಿ. ಅದರ ಎರಡು ಪದರಗಳ ನಡುವೆ ಪ್ಲಾಸ್ಟಿಕ್‌ ಇರುವುದರಿಂದ ಬಿರುಕು ಬಿಡುತ್ತದೆಯೇ ಹೊರತು ಚೂರಾಗಿ ಉದುರುವುದಿಲ್ಲ.

ಬಾಟಲಿಯೂ ಆದೀತು. ಹಸಿರು, ಕಂದು, ಅಪರೂಪಕ್ಕೆ ನೀಲಿ. ಲೇಬಲ್‌ ತೆಗೆದು, ಎರಡು ಪದರ ಗೋಣಿಚೀಲದಲ್ಲಿ ಸುತ್ತಿ, ಬಾಯಿ ಕಟ್ಟಿ, ಸಿಮೆಂಟ್‌ ನೆಲದ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯಿರಿ. ಬಡಿಯುವ ಬದಲು ಒತ್ತಿ ಒತ್ತಿ ಮುರಿದರೆ ಪುಡಿ ಕಡಿಮೆ. ಕನ್ನಡಕ, ಕೈಗವಸು, ಮಾಸ್ಕ್‌ ಇಲ್ಲದೆ ಚೀಲ ಬಿಚ್ಚಬೇಡಿ. ಬಾಟಲಿಯ ಚೂರು ಟಫನ್ಡ್‌ ಗಾಜಿನಷ್ಟು ಸಾಧುವಲ್ಲ.

ಇನ್ನೊಂದು ಬಳೆಚೂರು. ನೊರೆಯೊಳಗೆ ಅಲ್ಲೊಂದು ಇಲ್ಲೊಂದು ಹಸಿರು ಬಳೆಯ ತುಂಡು ಕಂಡರೆ ಸಮುದ್ರದ ಒಳಬಣ್ಣ ಹೊರಬಂದಂತೆ ಕಾಣುತ್ತದೆ. ಚಂಡೀಗಢದ ರಾಕ್‌ ಗಾರ್ಡನ್‌ನಲ್ಲಿ ನೇಕ್‌ ಚಂದ್‌ ಅವರು ಒಡೆದ ಬಳೆಗಳಿಂದ ಬೊಂಬೆಗಳ ಉಡುಗೆಯನ್ನೇ ಹೊದಿಸಿದ್ದಾರೆ, ನೋಡಿದವರಿಗೆ ಗೊತ್ತು. ಅಷ್ಟು ನಮಗೆ ಬೇಡ, ಒಂದು ಹಿಡಿ ಸಾಕು. ಮಿಂಚಿನ ಪುಡಿ ಅಂಟಿಸಿದ ಬಳೆ ಬೇಡ, ಒಳಗೂ ಹೊರಗೂ ಒಂದೇ ಬಣ್ಣದ ಸಾದಾ ಗಾಜಿನ ಬಳೆ ಆರಿಸಿ.

ಈಗ ಎರಡು ಹಳೆ ಜರಡಿಗಳಲ್ಲಿ ಸೋಸಿ (ಮತ್ತೆ ಅಡುಗೆಮನೆಗೆ ಹೋಗಬಾರದು). ದಪ್ಪ ಚೂರು, ಜೋಳದಷ್ಟಿನದು, ರವೆಯಷ್ಟಿನದು ಎಂದು ಮೂರು ಗುಂಪು. ರವೆಗಿಂತ ನುಣ್ಣಗಿನ ಧೂಳನ್ನು ಉಳಿಸಿಕೊಳ್ಳಬೇಡಿ. ಅದು ಹೊಳೆಯುವುದೂ ಇಲ್ಲ, ಶ್ವಾಸಕ್ಕೂ ಒಳ್ಳೆಯದಲ್ಲ. ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಎಸೆಯಿರಿ. ಉಳಿದ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ ‘ಒಡೆದ ಗಾಜು’ ಎಂದು ದಪ್ಪಕ್ಷರದಲ್ಲಿ ಬರೆದು ಪ್ರತ್ಯೇಕವಾಗಿ ಕೊಡಿ. ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಅದು ಚುಚ್ಚಬಾರದು.

ಆರಿಸಿದ ಚೂರುಗಳನ್ನು ಸೋಪುನೀರಿನಲ್ಲಿ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಎಣ್ಣೆಪಸೆ ಇದ್ದರೆ ರೆಸಿನ್‌ ಹಿಡಿಯುವುದಿಲ್ಲ, ನೀರಿನ ಪಸೆ ಇದ್ದರೆ ಬೆಳ್ಳಗೆ ಮಸುಕಾಗುತ್ತದೆ.

ಉಬ್ಬು, ಬಣ್ಣ

ಮರದೊಳಗೆ ಗಾಳಿ ಇರುತ್ತದೆ. ರೆಸಿನ್‌ ಸುರಿದ ಮೇಲೆ ಅದು ಗುಳ್ಳೆಯಾಗಿ ಮೇಲೆದ್ದು ಕಾಡುತ್ತದೆ. ಆದ್ದರಿಂದ ಫೆವಿಕಾಲ್‌ಗೆ ಸಮಪಾಲು ನೀರು ಬೆರೆಸಿ ಎರಡು ಕೈ ಬಳಿದು ಒಣಗಿಸಿ.

ಬಳಿಕ ಚಾಕ್‌ಪುಡಿಗೆ ಫೆವಿಕಾಲ್‌ ಕಲಸಿ ಚಪಾತಿ ಹಿಟ್ಟಿಗಿಂತ ಮೆತ್ತಗಿನ ಮುದ್ದೆ ಮಾಡಿ. ಸಾಂಪ್ರದಾಯಿಕ ಚಿತ್ರಗಳಲ್ಲಿ ಚಿನ್ನದ ರೇಕು ಅಂಟಿಸುವ ಮುನ್ನ ಆಭರಣಗಳನ್ನು ಉಬ್ಬಿಸುವ ಗೆಸ್ಸೊ ನೋಡಿದ್ದರೆ ಇದು ಅದರ ಬಡ ತಮ್ಮ. ಮೈಸೂರು ಶೈಲಿಯಲ್ಲಿ ಆ ಉಬ್ಬು ತೆಳು, ತಂಜಾವೂರಿನದ್ದು ದಪ್ಪ. ನಮಗಿಲ್ಲಿ ಬೇಕಾದ್ದು ತಂಜಾವೂರಿನ ದಪ್ಪ. ನೊರೆಯ ಪಟ್ಟಿಯನ್ನು 6ರಿಂದ 8 ಮಿ.ಮೀ. ಎತ್ತರಿಸಿ, ಮರಳಿನ ಕಡೆಗೆ ಇಳಿಜಾರು ಮಾಡಿ. ರಸ್ತೆಯನ್ನು 3 ಮಿ.ಮೀ. ಎತ್ತರಿಸಿ. ಒಂದೇ ಸಲ ದಪ್ಪ ಮೆತ್ತಿದರೆ ಬಿರುಕು ಬಿಡುತ್ತದೆ, ಎರಡು ಮೂರು ಪದರಗಳಲ್ಲಿ ಏರಿಸಿ. ಈ ಉಬ್ಬುಗಳು ಬರೀ ಚಂದಕ್ಕಲ್ಲ. ಮುಂದೆ ರೆಸಿನ್‌ ಸುರಿದಾಗ ಸಮುದ್ರ ಸಮುದ್ರದಲ್ಲೂ ನದಿ ನದಿಯಲ್ಲೂ ನಿಲ್ಲುವಂತೆ ತಡೆಯುವ ಒಡ್ಡುಗಳು ಇವೇ.

ಬಣ್ಣದ ಮಾತು ಚಿಕ್ಕದು. ಎಡತುದಿಯಲ್ಲಿ ಕಪ್ಪಿನ ಹನಿ ಬೆರೆತ ಪ್ರಷ್ಯನ್‌ ನೀಲಿ, ದಡದತ್ತ ಬಂದಂತೆ ತಿಳಿಯಾಗುತ್ತ ಹಸಿರುನೀಲಿ. ನದಿಗೆ ತೆಂಗಿನ ನೆರಳಿನ ಪಾಚಿ ಹಸಿರು. ಮರಳಿಗೆ ಕಾವಿ ಬೆರೆತ ಹಳದಿ, ನೊರೆಗೆ ತಾಗುವಲ್ಲಿ ಕಡುಕಂದು, ಒದ್ದೆ ಮರಳು ಯಾವತ್ತೂ ಕಪ್ಪೇ. ನೊರೆಯ ಉಬ್ಬಿಗೆ ಅಪ್ಪಟ ಬಿಳಿ ಹಚ್ಚಿ, ಅಲ್ಲಲ್ಲಿ ಬೇಗಡೆಯ ಚೂರು ಅಂಟಿಸಿ. ಪಾರದರ್ಶಕ ಗಾಜು ತನ್ನ ಕೆಳಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಕೆಳಗೆ ಬರೀ ಮರವಿದ್ದರೆ ಕೊಳಕು ಬೂದು ಬಣ್ಣ, ಬೇಗಡೆ ಇದ್ದರೆ ಮಿಂಚು. ತೈಲವರ್ಣ ಬಳಸಬೇಡಿ, ಪೂರ್ತಿ ಒಣಗಲು ವಾರಗಳೇ ಬೇಕು. ಅಕ್ರಿಲಿಕ್‌ಗೆ ಒಂದು ಇಡೀ ದಿನ ಬಿಟ್ಟರೆ ಸಾಕು.

ರೆಸಿನ್‌

ಇದು ಬಣ್ಣದಂತೆ ಒಣಗುವ ವಸ್ತುವಲ್ಲ. ರೆಸಿನ್‌ ಮತ್ತು ಹಾರ್ಡನರ್‌ ರಾಸಾಯನಿಕವಾಗಿ ಬೆಸೆದುಕೊಂಡು ಗಟ್ಟಿಯಾಗುತ್ತವೆ, ಬೆಸೆಯುವಾಗ ಶಾಖ ಬಿಡುತ್ತವೆ. ಅಳತೆ ತಪ್ಪಿದರೆ ವರ್ಷ ಕಾದರೂ ಅಂಟಂಟು ಹೋಗದು. ‘ಬೇಗ ಗಟ್ಟಿಯಾಗಲಿ’ ಎಂದು ಹಾರ್ಡನರ್‌ ಹೆಚ್ಚು ಹಾಕುವುದು ಸಾಮಾನ್ಯ ಎಡವಟ್ಟು. ಬಾಟಲಿಯ ಮೇಲೆ 2:1 ಎಂದಿದೆಯೋ, 1:1 ಎಂದಿದೆಯೋ ನೋಡಿ. ಅದು ತೂಕದ ಲೆಕ್ಕವೋ, ಗಾತ್ರದ ಲೆಕ್ಕವೋ ಎಂಬುದನ್ನೂ ನೋಡಿ. ಎರಡೂ ಒಂದೇ ಅಲ್ಲ.

ಹವೆ ಮುಖ್ಯ. 22ರಿಂದ 28 ಡಿಗ್ರಿ ಸೆಲ್ಸಿಯಸ್‌ ಹಿತ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನವರು ಈ ಕೆಲಸಕ್ಕೆ ಕೈಹಾಕದಿರುವುದೇ ವಾಸಿ. ತೇವಕ್ಕೆ ಮೇಲ್ಮೈ ಮಬ್ಬಾಗಿ ಜಿಡ್ಡುಗಟ್ಟುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇನ್ನೊಂದು ಪಜೀತಿ: ಉಷ್ಣತೆ 10 ಡಿಗ್ರಿ ಏರಿದರೆ ಕಲಸಿದ ರೆಸಿನ್‌ ಕೈಗೆ ಸಿಗುವ ಸಮಯ ಸುಮಾರು ಅರ್ಧಕ್ಕಿಳಿಯುತ್ತದೆ. ಅಲ್ಲಿನವರು ಬೆಳಗಿನ ಜಾವವೇ ಸುರಿದು ಮುಗಿಸಲಿ.

ಮೊದಲ ಸುರಿತ ನೊರೆಗೆ ಮಾತ್ರ. 25 ಮಿ.ಲೀ.ಯಷ್ಟು ರೆಸಿನ್‌ ಕಲಸಿ, ಮೂರರಿಂದ ಐದು ನಿಮಿಷ ನಿಧಾನವಾಗಿ, ಕಪ್‌ನ ಗೋಡೆ ಮತ್ತು ತಳ ಕೆರೆಯುತ್ತ. ಜೋರಾಗಿ ಕದಡಿದರೆ ಗುಳ್ಳೆ. ಕಲಸಿದ್ದನ್ನು ಇನ್ನೊಂದು ಕಪ್‌ಗೆ ಬಗ್ಗಿಸಿ ಮತ್ತೊಂದು ನಿಮಿಷ ಕಲಸಿದರೆ ಮೂಲೆಯಲ್ಲಿ ಉಳಿದ ಹಸಿ ರೆಸಿನ್‌ನ ಕಾಟ ತಪ್ಪುತ್ತದೆ. ಉಬ್ಬಿನ ಮೇಲೆ ಕಡ್ಡಿಯಿಂದ ತೆಳ್ಳಗೆ ಹರಡಿ, ಮರಳಿನ ಅಂಚಿಗೂ ಸ್ವಲ್ಪ ಎಳೆಯಿರಿ, ಅಲ್ಲಿ ಒದ್ದೆಯ ಹೊಳಪು ಬರುತ್ತದೆ.

ಈಗ ಗಾಜು. ದಪ್ಪ ಚೂರುಗಳನ್ನು ಅಲೆಯ ನೆತ್ತಿಯಲ್ಲಿ ಚಿಮಟದಿಂದ ಒಂದೊಂದಾಗಿ ನೆಡಿ, ಚಪ್ಪಟೆ ಮೈ ಬೇರೆ ಬೇರೆ ದಿಕ್ಕಿಗೆ ತಿರುಗಿರಲಿ. ಎಲ್ಲವೂ ಒಂದೇ ಕಡೆ ಮಲಗಿದರೆ ಒಂದೇ ಕೋನದಿಂದ ಹೊಳೆಯುತ್ತವೆ, ಉಳಿದೆಡೆ ಸತ್ತಂತಿರುತ್ತವೆ. ಜೋಳದ ಗಾತ್ರದವು ಇಳಿಜಾರಿಗೆ. ರವೆಗಾಜನ್ನು ಕೊನೆಯಲ್ಲಿ ರಂಗೋಲಿ ಪುಡಿ ಬಿಡುವ ಹಾಗೆ ಬೆರಳ ಸಂದಿನಿಂದ, ಕೈಗವಸು ಹಾಕಿಕೊಂಡೇ, ಎಳೆ ಎಳೆಯಾಗಿ ಬಿಡಿ. ನೊರೆ ಮರಳಿನ ಮೇಲೆ ಬಿಟ್ಟುಹೋಗುವ ಬಲೆಯಂಥ ಗೆರೆಗಳು ಹೀಗೆ ಬರುತ್ತವೆ. ಸಮುದ್ರದ ಕಡೆ ಅಂಚು ದಟ್ಟವಾಗಿರಲಿ, ದಡದ ಕಡೆ ಹರಿದು ಚದುರಿರಲಿ. ಈ ಕೆಲಸಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಸಮಯ ಸಿಗುವುದಿಲ್ಲ, ಚೂರುಗಳನ್ನು ಮೊದಲೇ ಒಣ ಹಲಗೆಯ ಮೇಲೆ ಜೋಡಿಸಿ ಅಭ್ಯಾಸ ಮಾಡಿಕೊಂಡಿದ್ದರೆ ಗಡಿಬಿಡಿ ಇಲ್ಲ.

ನಾಲ್ಕರಿಂದ ಆರು ಗಂಟೆಯಲ್ಲಿ ರೆಸಿನ್‌ ಬೆರಳಿಗೆ ಅಂಟುವ, ಆದರೆ ಎಳೆ ಬಾರದ ಹದಕ್ಕೆ ಬರುತ್ತದೆ. ಸಮುದ್ರ ಮತ್ತು ನದಿಗೆ ಮಾಡುವ ಎರಡನೇ ಸುರಿತಕ್ಕೆ ಅದೇ ಹೊತ್ತು. ಮರುದಿನಕ್ಕೆ ಬಿಟ್ಟರೆ 220 ನಂಬರಿನ ಉಪ್ಪುಕಾಗದದಿಂದ ಉಜ್ಜಿ ಒರೆಸಿಯೇ ಸುರಿಯಬೇಕು. ಹಲಗೆಯ ಸುತ್ತ ಪ್ಯಾಕಿಂಗ್‌ ಟೇಪ್‌ ಅಂಟಿಸಿ ಮೇಲ್ಮೈಗಿಂತ 5 ಮಿ.ಮೀ. ಎತ್ತರ ನಿಲ್ಲಿಸಿ, ರಸಮಟ್ಟ ಇಟ್ಟು ಹಲಗೆ ಓರೆಯಿಲ್ಲವೆಂದು ನೋಡಿ. ಲೆಕ್ಕ ಸುಲಭ: ಸಮುದ್ರ 540, ನದಿ 240, ಒಟ್ಟು 780 ಚದರ ಸೆಂ.ಮೀ. 2 ಮಿ.ಮೀ. ದಪ್ಪಕ್ಕೆ 156 ಮಿ.ಲೀ. ಕಪ್‌ಗೆ ಅಂಟಿ ಹೋಗುವುದನ್ನೂ ಸೇರಿಸಿ 180 ಎಂದುಕೊಳ್ಳಿ. ಗಾತ್ರದಲ್ಲಿ 2:1ರ ರೆಸಿನ್‌ ಆದರೆ 120 ಮಿ.ಲೀ. ರೆಸಿನ್‌, 60 ಮಿ.ಲೀ. ಹಾರ್ಡನರ್‌. ಸಮುದ್ರದ ಪಾಲಿಗೆ ಪಾರದರ್ಶಕ ನೀಲಿಯ ಒಂದೆರಡು ಹನಿ ಸಾಕು. ಮಧ್ಯಕ್ಕೆ ಸುರಿದು ಕಡ್ಡಿಯಿಂದ ಗಾಜಿನ ಬುಡದವರೆಗೆ ತಳ್ಳಿ ನಿಲ್ಲಿಸಿ. ಹೀಟ್‌ ಗನ್‌ ಒಂದೇ ಕಡೆ ಹಿಡಿಯದೆ ಆಡಿಸುತ್ತ ಗುಳ್ಳೆ ಒಡೆಯಿರಿ. ಒಂದೇ ಜಾಗದಲ್ಲಿ ಕಾಯಿಸಿದರೆ ಗಾಜು ಸಿಡಿಯಬಹುದು. ರಸ್ತೆ, ಒಣ ಮರಳಿಗೆ ರೆಸಿನ್‌ ಬೇಡ. ಮಂಕು ಇದ್ದರೇ ಪಕ್ಕದ ನೀರು ನೀರಾಗಿ ಕಾಣುವುದು. ಎಲ್ಲಕ್ಕೂ ಮೆರುಗು ಹಾಕಿದ ರೆಸಿನ್‌ ಚಿತ್ರಗಳು ನನ್ನ ಕಣ್ಣಿಗಂತೂ ಹೋಟೆಲ್‌ ಮೇಜಿನ ಲ್ಯಾಮಿನೇಟ್‌.

ಉಳಿದ ರೆಸಿನ್‌ ಆಳ ಕಪ್‌ನಲ್ಲಿ ಬಿಡಬೇಡಿ, ತನ್ನದೇ ಶಾಖಕ್ಕೆ ಹೊಗೆಯಾಡುತ್ತದೆ. ಹಳೆ ತಟ್ಟೆಯಲ್ಲಿ ಹರಡಿ. ಸಿಂಕ್‌ಗೆ ಸುರಿಯಲೇಬೇಡಿ. ಕಿಟಕಿಗಳು ತೆರೆದಿರಲಿ, ಎನ್‌95 ಧೂಳು ತಡೆಯುತ್ತದೆಯೇ ಹೊರತು ರಾಸಾಯನಿಕ ಆವಿಯನ್ನಲ್ಲ. ಹಸಿ ರೆಸಿನ್‌ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಶುರುವಾಗಬಹುದು, ಒಮ್ಮೆ ಶುರುವಾದದ್ದು ಹೋಗುವುದು ಕಷ್ಟ. ತಾಗಿದರೆ ಥಿನ್ನರ್‌ ಹಚ್ಚದೆ ಸೋಪುನೀರಿನಲ್ಲಿ ತೊಳೆಯಿರಿ.

ಕೊನೆಯ ಕೈ

ಒಂದು ದಿನದಲ್ಲಿ ಮುಟ್ಟುವಷ್ಟು, ಮೂರು ದಿನದಲ್ಲಿ ಗಟ್ಟಿ, ಒಂದು ವಾರಕ್ಕೆ ಪೂರ್ಣ ಬಲ. ಟೇಪ್‌ ಬಿಡಿಸಿದಾಗ ಅಂಚಿನಲ್ಲಿ ಸಣ್ಣ ಏರು ಇರುತ್ತದೆ, ಉಜ್ಜಿ ತೆಗೆಯಿರಿ. ಹೊರಚಾಚಿದ ಗಾಜಿನ ತುದಿಗಳನ್ನು ಕೈಗವಸು ಹಾಕಿ ಸವರಿ ನೋಡಿ. ಚುಚ್ಚುವಂತಿದ್ದರೆ ವಾಟರ್‌ ಪೇಪರನ್ನು (ನೀರಿಗೆ ಕೆಡದ ಉಪ್ಪುಕಾಗದ) ನೀರಲ್ಲಿ ಅದ್ದಿ ಉಜ್ಜಿ, ಒಣಗಿದ ಮೇಲೆ ಬ್ರಷ್‌ನಲ್ಲಿ ರೆಸಿನ್‌ನ ಅತಿ ತೆಳು ಲೇಪ ಕೊಡಿ. ಗಾಜಿನ ಮೇಲೆ ರೆಸಿನ್‌ ಬೇಡ ಎಂದವರೇ ಈಗ ಹಚ್ಚಿ ಎನ್ನುತ್ತಿದ್ದಾರಲ್ಲ ಎನ್ನಬೇಡಿ. ತೆಳು ಲೇಪ ಚೂರಿನ ಮುಖಗಳನ್ನೇ ಅನುಸರಿಸುತ್ತದೆ, ಗಾಳಿಗೆ ತೆರೆದ ಮೈ ಹಾಗೇ ಉಳಿಯುತ್ತದೆ. ಸಂದುಗಳು ತುಂಬಿದಾಗ ಮಾತ್ರ ಹೊಳಪು ಸಾಯುವುದು.

ಅಲ್ಲಲ್ಲಿ ಅಂಟು ಉಳಿದಿದ್ದರೆ ಆ ಜಾಗ ಸರಿಯಾಗಿ ಕಲಸಿಲ್ಲವೆಂದರ್ಥ. ಮೇಲೆ ಇನ್ನೊಂದು ಪದರ ಹಾಕಿ ಮುಚ್ಚುವ ಆಸೆ ಬೇಡ, ಕೆರೆದು ತೆಗೆದು ಮತ್ತೆ ಸುರಿಯಿರಿ.

ಹಲಗೆ, ಗಾಜು, ರೆಸಿನ್‌ ಸೇರಿ ಒಟ್ಟು ಭಾರ 2 ಕಿಲೊ ಮುಟ್ಟುತ್ತದೆ. ಅಂಟಿಸುವ ಹುಕ್‌ ನೆಚ್ಚಬೇಡಿ. ಹಿಂಬದಿಗೆ ಎರಡು ಡಿ-ರಿಂಗ್‌, ತಂತಿ, ಗೋಡೆಗೆ ಪ್ಲಗ್‌ ಹಾಕಿದ ಸ್ಕ್ರೂ. ನೇರ ಬಿಸಿಲು ಬೀಳುವ ಗೋಡೆಯಲ್ಲಿ ರೆಸಿನ್‌ ಹಳದಿಗಟ್ಟುತ್ತದೆ, ಹಾಗಾಗಿ ಒಳಗಿನ ಗೋಡೆ ಆರಿಸಿ. ಎದುರಿನಿಂದ ಟ್ಯೂಬ್‌ಲೈಟ್‌ ಬಿದ್ದರೆ ನದಿಯಲ್ಲಿ ಟ್ಯೂಬ್‌ಲೈಟೇ ಕಾಣುತ್ತದೆ, ನೊರೆ ಚಪ್ಪಟೆ. ದೀಪ ಎಡ ಅಥವಾ ಬಲ ಪಕ್ಕದಿಂದ ಓರೆಯಾಗಿ ಬೀಳುವ ಜಾಗ ಹುಡುಕಿ. ಮಕ್ಕಳ ಕೈಗೆ ಎಟುಕದ ಎತ್ತರವಿರಲಿ, ಮಂಚದ ತಲೆಯ ಮೇಲಂತೂ ಬೇಡ. ಧೂಳಾದರೆ ಬಟ್ಟೆ ಎಳೆಯಬೇಡಿ, ಗಾಜಿಗೆ ನೂಲು ಸಿಕ್ಕಿಕೊಳ್ಳುತ್ತದೆ. ಮೆತ್ತನೆಯ ಒಣ ಬ್ರಷ್‌ ಸಾಕು.